ಕೈಕಾಲು ಆಡದ ಆ ಹೊತ್ತು

ತುಮಕೂರಿನ ಅಮಾನಿಕೆರೆಯ ದಂಡೆಯಲ್ಲಿ ನಾವು ಐದಾರು ಜನ ಹೆಂಗಸರು ಬೆಳಗಿನ ಹೊತ್ತು ಓಡುತ್ತೇವೆ. ನಮ್ಮಲ್ಲಿ ಒಬ್ಬರು ಮೊದಲ ಮೂರು ವಾರ ಓಡಲೇ ಇಲ್ಲ. ಬರುತ್ತಿದ್ದರು, ಷೂ ಲೇಸಿಗೆ ಎರಡೆರಡು ಗಂಟು ಹಾಕುತ್ತಿದ್ದರು, ನೂರು ಹೆಜ್ಜೆ ಓಡುವಷ್ಟರಲ್ಲಿ ಎದೆ ಹಿಡಿದುಕೊಂಡು ನಿಂತುಬಿಡುತ್ತಿದ್ದರು. ದಮ್ಮು ಸಾಲದೆ ಇರಬೇಕು ಎಂದುಕೊಂಡಿದ್ದೆ. ಒಂದು ದಿನ ಕಲ್ಲುಬೆಂಚಿನ ಮೇಲೆ ಕುಳಿತು ಅವರೇ ಹೇಳಿದರು: ಎದೆ ಡವಡವ ಎಂದ ಕೂಡಲೇ ಆ ರಾತ್ರಿ ಕಣ್ಣಮುಂದೆ ಬಂದು ನಿಲ್ಲುತ್ತದೆ. "ಅವತ್ತು ಕೂಗಬೇಕಿತ್ತು, ಓಡಬೇಕಿತ್ತು. ಕೈಕಾಲೇ ಆಡಲಿಲ್ಲ."

ಅವರ ಊರು, ವಯಸ್ಸು, ಕೆಲಸ ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಅತ್ಯಾಚಾರಕ್ಕೊಳಗಾದವರ ಗುರುತನ್ನು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಆ ಕಾನೂನು ಇಲ್ಲದಿದ್ದರೂ ಬರೆಯುತ್ತಿರಲಿಲ್ಲ. ಅವರ ಆ ಕೊನೆಯ ಮಾತನ್ನು ಬರೆಯಲು ಮಾತ್ರ ಅವರ ಒಪ್ಪಿಗೆ ಇದೆ.

ಕೈಕಾಲು ಆಡಲಿಲ್ಲ ಎಂದು ನಾವು ದಿನಕ್ಕೆ ನಾಲ್ಕು ಸಲ ಅನ್ನುತ್ತೇವೆ. ಅದು ಬರೀ ಮಾತಿನ ರೂಢಿಯಲ್ಲ, ಶರೀರದೊಳಗೆ ನಿಜವಾಗಿ ನಡೆಯುವ ಕ್ರಿಯೆ. ಕೋಳಿಯನ್ನು ಅಂಗಾತ ಮಲಗಿಸಿ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ, ಕೈ ತೆಗೆದ ಮೇಲೂ ಅದು ಕದಲದೆ ಬಿದ್ದಿರುವುದನ್ನು ಹಳ್ಳಿಯಲ್ಲಿ ಬೆಳೆದವರು ನೋಡಿರುತ್ತಾರೆ. ಕಿರ್ಚರ್ ಎಂಬ ಜರ್ಮನ್ ವಿದ್ವಾಂಸ 1646ರಷ್ಟು ಹಿಂದೆಯೇ ಇದನ್ನು ಬರೆದಿಟ್ಟಿದ್ದಾನೆ. ಹೋರಾಡಲೂ ಆಗದ, ಓಡಲೂ ಆಗದ ಸ್ಥಿತಿಯಲ್ಲಿ ಸಿಕ್ಕಿಬಿದ್ದ ಪ್ರಾಣಿಯ ನಡುಮಿದುಳು ತಾನೇ ಒಂದು ತೀರ್ಮಾನ ತೆಗೆದುಕೊಳ್ಳುತ್ತದೆ. ಸ್ನಾಯುಗಳು ಮರಗಟ್ಟುತ್ತವೆ, ಗಂಟಲಿನಿಂದ ದನಿ ಹೊರಡುವುದಿಲ್ಲ, ಪ್ರಜ್ಞೆ ಮಾತ್ರ ಎಚ್ಚರವಾಗಿಯೇ ಇರುತ್ತದೆ. ಇಚ್ಛೆಗೆ ಇದರಲ್ಲಿ ಪಾತ್ರವಿಲ್ಲ. ಧೈರ್ಯಸ್ಥರು, ಪುಕ್ಕಲರು ಎಂಬ ಭೇದವನ್ನೂ ಅದು ಎಣಿಸುವುದಿಲ್ಲ.

ಸ್ಟಾಕ್‌ಹೋಮಿನಲ್ಲಿ ಅತ್ಯಾಚಾರಕ್ಕೊಳಗಾದವರಿಗೆಂದೇ ಇರುವ ತುರ್ತು ಚಿಕಿತ್ಸಾಲಯಕ್ಕೆ ಬಂದ 298 ಹೆಂಗಸರನ್ನು ಕೇಳಿ ನಡೆಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 70 ಮಂದಿ ಗಣನೀಯವಾಗಿ ಹೀಗೆ ಮರಗಟ್ಟಿದ್ದರು; ಆ 70ರಲ್ಲಿ 48 ಮಂದಿ ತೀವ್ರವಾಗಿಯೇ. ಆರು ತಿಂಗಳ ನಂತರ ಆಘಾತೋತ್ತರ ಒತ್ತಡದ ಕಾಯಿಲೆ ಮತ್ತು ಖಿನ್ನತೆ ಇಂಥವರಲ್ಲೇ ಹೆಚ್ಚಾಗಿ ಕಂಡವು. ಅನುಭವಿಸಿದ್ದರ ಜೊತೆಗೆ, ನಾನೇಕೆ ತಿರುಗಿ ಬೀಳಲಿಲ್ಲ ಎಂಬ ಕೊರಗನ್ನೂ ಹೊರಬೇಕಾದವರು ಇವರು.

ಆ ಕೊರಗಿಗೆ ನಮ್ಮ ನ್ಯಾಯಾಲಯಗಳೂ ಒಂದು ಕಾಲಕ್ಕೆ ಮುದ್ರೆ ಒತ್ತಿದ್ದವು. ಮಥುರಾ ಎಂಬ ಬುಡಕಟ್ಟು ಹುಡುಗಿಯ ಮೇಲೆ ಪೊಲೀಸ್ ಠಾಣೆಯೊಳಗೆ ನಡೆದ ಅತ್ಯಾಚಾರದ ಪ್ರಕರಣದಲ್ಲಿ, ಮೈಮೇಲೆ ಗಾಯವಿಲ್ಲ, ಪ್ರತಿರೋಧದ ಗುರುತಿಲ್ಲ ಎಂಬುದನ್ನು ಮುಂದಿಟ್ಟುಕೊಂಡು ಸುಪ್ರೀಂ ಕೋರ್ಟ್ 1978ರಲ್ಲಿ ಆರೋಪಿಗಳನ್ನು ಬಿಡುಗಡೆ ಮಾಡಿತು. ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಒಪ್ಪಿಗೆ ಎನ್ನಲಾಗದು ಎಂಬ ಸಾಲು ಕಾನೂನಿನೊಳಗೆ ಬರಲು 2013 ಬರಬೇಕಾಯಿತು. ಈಗ ಅದು ನ್ಯಾಯ ಸಂಹಿತೆಯ 63ನೇ ಸೆಕ್ಷನ್‌ನಲ್ಲಿದೆ. ಆ ಸಾಲನ್ನು ಪ್ರತಿ ಹೈಸ್ಕೂಲಿನಲ್ಲೂ ಓದಿಸಬೇಕು ಎಂಬುದು ನನ್ನ ಆಸೆ.

ಇನ್ನು ಓಟದ ವಿಷಯ. ಹೆದರಿದಾಗಲೂ ಓಡಿದಾಗಲೂ ಹೃದಯ ಒಂದೇ ರೀತಿ ಬಡಿದುಕೊಳ್ಳುತ್ತದೆ, ಎರಡಕ್ಕೂ ಅದೇ ಅಡ್ರಿನಲಿನ್. ಆಘಾತಕ್ಕೆ ಒಳಗಾದ ಮಿದುಳಿನಲ್ಲಿ ಅಮಿಗ್ಡಲಾ ಎಂಬ ಬಾದಾಮಿ ಗಾತ್ರದ ಭಾಗ ಒಂದು ಪಾಠವನ್ನು ಗಟ್ಟಿ ಮಾಡಿಕೊಂಡಿರುತ್ತದೆ: ಎದೆಬಡಿತ ಏರಿತೆಂದರೆ ಅಪಾಯ ಬಂತು. ಹಾಗಾಗಿ ಮೆಟ್ಟಿಲು ಹತ್ತಿದರೂ, ಬಸ್ಸು ಹಿಡಿಯಲು ಓಡಿದರೂ ಒಳಗೆ ಗಂಟೆ ಹೊಡೆಯುತ್ತದೆ. ಹಳೆಯ ಪಾಠವನ್ನು ಒರೆಸಿ ಹಾಕಲು ಬರುವುದಿಲ್ಲ. ಅದರ ಪಕ್ಕದಲ್ಲಿ ಹೊಸದೊಂದನ್ನು ಬರೆಯಬಹುದು: ಎದೆ ಬಡಿಯಿತು, ಏನೂ ಆಗಲಿಲ್ಲ, ಮತ್ತೆ ಇಳಿಯಿತು. ಹೆದರಿಕೆಯನ್ನು ಸುರಕ್ಷಿತ ಜಾಗದಲ್ಲಿ ಸ್ವಲ್ಪ ಸ್ವಲ್ಪವೇ ಎದುರಿಸುವ ಮನಶ್ಚಿಕಿತ್ಸೆಯ ಹಿಂದೆ ಇರುವುದೂ ಇದೇ ತತ್ವ. ಎಡ್ನಾ ಫೋವಾ ಎಂಬ ಮನೋವಿಜ್ಞಾನಿ ಅದನ್ನು ಬೆಳೆಸಿದ್ದು ಅತ್ಯಾಚಾರಕ್ಕೊಳಗಾದ ಮಹಿಳೆಯರೊಂದಿಗೆ ಕೆಲಸ ಮಾಡುತ್ತಲೇ.

ನಾವು ಮಾಡಿದ್ದು ಇಷ್ಟೇ. ಎರಡು ನಿಮಿಷ ನಡಿಗೆ, ಒಂದು ನಿಮಿಷ ನಿಧಾನ ಓಟ, ಆಮೇಲೆ ಬೆಂಚು. ಅವರು ಎಡ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಗಡಿಯಾರ ನೋಡುತ್ತ ಹದಿನೈದು ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸುತ್ತಿದ್ದರು. 136. ಒಂದು ನಿಮಿಷ ಬಿಟ್ಟು ಮತ್ತೆ ಎಣಿಕೆ: 112. ಮತ್ತೆ: 96. "ಇಳಿಯುತ್ತದೆ" ಎಂದರು, ಯಾರಿಗೂ ಅಲ್ಲ, ತಮ್ಮ ಮಣಿಕಟ್ಟಿಗೇ ಹೇಳಿದ ಹಾಗೆ. ಯಾವಾಗ ಬೇಕೋ ಆಗ ನಿಲ್ಲಿಸುವ ಹಕ್ಕು ಅವರದೇ ಆಗಿತ್ತು. ಅದನ್ನು ನಾವು ಯಾರೂ ಮುಟ್ಟಲಿಲ್ಲ, ಇನ್ನೊಂದು ಸುತ್ತು ಎಂದು ಹುರಿದುಂಬಿಸಲೂ ಇಲ್ಲ.

ದೂರ ಓಡಿದವರಿಗೆ ಸಿಗುವ ಹಗುರತನಕ್ಕೆ ದೇಹವೇ ತಯಾರಿಸುವ ನೋವುನಿವಾರಕ ಎಂಡಾರ್ಫಿನ್ ಕಾರಣ ಎಂದು ಬಹಳ ಕಾಲ ನಂಬಲಾಗಿತ್ತು. ಆದರೆ ರಕ್ತದಲ್ಲಿರುವ ಎಂಡಾರ್ಫಿನ್ ಮಿದುಳಿನೊಳಗೆ ಸುಲಭವಾಗಿ ನುಗ್ಗಲಾರದು. 2021ರಲ್ಲಿ ಜರ್ಮನಿಯ ಸಂಶೋಧಕರು 63 ಓಟಗಾರರಲ್ಲಿ ಅದರ ದಾರಿಯನ್ನು ಔಷಧದಿಂದ ಮುಚ್ಚಿ ನೋಡಿದರು. ಓಟದ ಉಲ್ಲಾಸ ಹಾಗೆಯೇ ಉಳಿಯಿತು. ಈಗ ಗಮನವೆಲ್ಲ ಎಂಡೋಕ್ಯಾನಬಿನಾಯ್ಡ್‌ಗಳ ಮೇಲಿದೆ, ಅಂದರೆ ಗಾಂಜಾದ ಅಣುಗಳಂತೆ ಕೆಲಸ ಮಾಡುವ, ದೇಹವೇ ತಯಾರಿಸುವ ಅಣುಗಳ ಮೇಲೆ. ಅವುಗಳಲ್ಲಿ ಒಂದನ್ನು 1992ರಲ್ಲಿ ಜೆರುಸಲೇಮಿನ ರಾಫೆಲ್ ಮೆಶೂಲಂ ಅವರ ಪ್ರಯೋಗಾಲಯ ಪತ್ತೆ ಮಾಡಿ ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟಿತು. ಆ ಆನಂದ ನಮ್ಮದೇ ಸಂಸ್ಕೃತದ ಆನಂದ. ಇಲ್ಲೊಂದು ಮುಖ್ಯ ಸಂಗತಿ ಇದೆ: ಈ ಅಣುಗಳು ಮಿದುಳಿನಲ್ಲಿ ಬಂದು ಕೂರುವ ಜಾಗ, ಅಂದರೆ ಗ್ರಾಹಕ (ರಿಸೆಪ್ಟರ್) ಇಲ್ಲದ ಇಲಿಗಳು ಕಲಿತ ಹೆದರಿಕೆಯನ್ನು ಬಿಡಲಾರವು ಎಂದು 2002ರ ಪ್ರಯೋಗವೊಂದು ತೋರಿಸಿತು. ಇಲಿಯಿಂದ ಮನುಷ್ಯರಿಗೆ ನೇರವಾಗಿ ಜಿಗಿಯಬಾರದು, ನಿಜ. ಆದರೂ ಓಟದಿಂದ ಹೆಚ್ಚುವ ಅಣುವಿಗೂ ಹೆದರಿಕೆ ಸಡಿಲಗೊಳ್ಳುವುದಕ್ಕೂ ನಂಟಿರಬಹುದು ಎಂಬುದು ನನಗೆ ಬಹಳ ಭರವಸೆ ಕೊಡುವ ಎಳೆ.

ಓಟವೇ ಚಿಕಿತ್ಸೆ ಎಂದು ಮಾತ್ರ ಯಾರೂ ತಿಳಿಯಬಾರದು. ಕೆಲವರು ದೇಹವನ್ನು ದಂಡಿಸಲೆಂದೇ ಓಡುತ್ತಾರೆ. ಊಟ ಬಿಟ್ಟು ಓಡಿದರೆ ಮುಟ್ಟು ನಿಲ್ಲುತ್ತದೆ, ಮೂಳೆ ಬಿರುಕು ಬಿಡುತ್ತದೆ. ಆಪ್ತಸಮಾಲೋಚನೆ ಬೇಕು, ವೈದ್ಯರು ಬೇಕು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಯಾವ ಆಸ್ಪತ್ರೆಯೂ ಅತ್ಯಾಚಾರಕ್ಕೊಳಗಾದವರಿಗೆ ಉಚಿತ ಚಿಕಿತ್ಸೆ ನಿರಾಕರಿಸುವಂತಿಲ್ಲ. ಮಹಿಳಾ ಸಹಾಯವಾಣಿ 181.

ಓಡುವುದಕ್ಕೆ ಜಾಗವೂ ಬೇಕು. ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕತ್ತಲಿನಲ್ಲಿ ಓಡುವ ಹೆಂಗಸನ್ನು ನಮ್ಮ ಕಡೆ ನಾನು ಕಂಡಿಲ್ಲ. ಒಂದು ಕಿವಿ ಯಾವಾಗಲೂ ಹಿಂದಿನ ಬೈಕಿನ ಸದ್ದಿಗೆ ಮೀಸಲು. ಲೈಂಗಿಕ ದೌರ್ಜನ್ಯದಿಂದ ಬದುಕುಳಿದವರು 2018ರ ಡಿಸೆಂಬರ್‌ನಲ್ಲಿ ಮುಂಬೈಯಿಂದ ಹೊರಟು, 2019ರ ಫೆಬ್ರುವರಿಯಲ್ಲಿ ದೆಹಲಿ ಮುಟ್ಟಿದ ಗರಿಮಾ ಯಾತ್ರೆ ಸುಮಾರು 10,000 ಕಿಲೋಮೀಟರ್ ಸಾಗಿತು. ಅಷ್ಟು ದೂರ ಬೀದಿಯಲ್ಲಿ ಕಾಣಿಸಿಕೊಂಡಿದ್ದೇ ಅವರ ವಾದವಾಗಿತ್ತು. ನಮ್ಮ ಐದಾರು ಜನರ ಸುತ್ತು ಅದರ ಮುಂದೆ ಏನೇನೂ ಅಲ್ಲ. ಆದರೂ ದಿನವೂ ಅದೇ ಹೊತ್ತಿಗೆ ಅದೇ ದಂಡೆಯಲ್ಲಿ ಕಾಣಿಸಿಕೊಳ್ಳುತ್ತೇವೆ.

ಹೋದ ತಿಂಗಳು ಅವರ ಪಾಟಿ ಸವಾಲು ನಡೆಯಿತು. "ಓಡಿ ಹೋಗಬಹುದಿತ್ತಲ್ಲ?" ಎಂದು ಎದುರು ಪಕ್ಷದ ವಕೀಲರು ಕೇಳಿದರಂತೆ. ಎದೆ ಬಡಿಯತೊಡಗಿತು. ಸೆರಗಿನ ಮರೆಯಲ್ಲಿ ಮಣಿಕಟ್ಟಿನ ಮೇಲೆ ಬೆರಳಿಟ್ಟು ಹದಿನೈದರವರೆಗೆ ಎಣಿಸಿ, ಆಮೇಲೆ ಉತ್ತರ ಕೊಟ್ಟೆ ಎಂದರು. ಬೆಂಚಿನ ಮೇಲೆ ನಮಗೆ ಹೇಳಿದ್ದ ಅದೇ ಎರಡು ಪದ. ಮುಂದಿನ ವಿಚಾರಣೆಗೆ ದಿನಾಂಕ ಇನ್ನೂ ಬಂದಿಲ್ಲ. ಈ ಭಾನುವಾರ ನಾಮದ ಚಿಲುಮೆಯವರೆಗೆ ಓಡುವುದೆಂದು ಮಾತಾಗಿದೆ.