ಸಬ್ಮಿಟ್ ಒತ್ತಿದರೆ ಪುಟ ಯಾಕೆ ಬೆಳ್ಳಗಾಗುತ್ತಿತ್ತು?

‘ದಯವಿಟ್ಟು ಬ್ಯಾಕ್ ಅಥವಾ ರಿಫ್ರೆಶ್ ಬಟನ್ ಒತ್ತಬೇಡಿ.’ ಆನ್‌ಲೈನ್‌ನಲ್ಲಿ ಒಮ್ಮೆಯಾದರೂ ಫೀಸು ಕಟ್ಟಿದವರಿಗೆ ಈ ಸಾಲು ಗೊತ್ತು. ಅದನ್ನು ಓದುವಾಗ ಉಸಿರು ಹಿಡಿದು ಕೂರುವುದೂ ಗೊತ್ತು.

ನನಗೆ ಈ ಭಯ ಹತ್ತಿಸಿದ್ದು ಒಂದು ಅರ್ಜಿ. ಬ್ರೌಸಿಂಗ್ ಸೆಂಟರ್‌ನಲ್ಲಿ ಗಂಟೆ ಲೆಕ್ಕಕ್ಕೆ ದುಡ್ಡು ಕೊಟ್ಟು ಕೂತು, ಅಪ್ಪನ ಹೆಸರಿನಿಂದ ಹಿಡಿದು ಹತ್ತನೇ ಕ್ಲಾಸಿನ ಅಂಕದವರೆಗೆ ಎಲ್ಲ ತುಂಬಿ ಸಬ್ಮಿಟ್ ಒತ್ತಿದೆ. ಪರದೆ ಬೆಳ್ಳಗಾಯಿತು. ಸ್ವಲ್ಪ ಹೊತ್ತು ಬಿಟ್ಟು ಅದೇ ಫಾರಂ ಮತ್ತೆ ಬಂತು. ಮೇಲ್ಗಡೆ ಕೆಂಪಕ್ಷರದಲ್ಲಿ ‘ಪಿನ್‌ಕೋಡ್ ತಪ್ಪು’ ಅಂತಿತ್ತು. ಕೆಳಗಡೆ ಎಲ್ಲ ಖಾಲಿ. ಸೆಂಟರ್ ನಡೆಸುವವರು ಇದನ್ನು ದಿನಾ ನೋಡಿದವರು. ‘ಮೊದಲು ನೋಟ್‌ಪ್ಯಾಡ್‌ನಲ್ಲಿ ಬರ್ಕೊಳ್ಳಿ ಸರ್, ಆಮೇಲೆ ಪೇಸ್ಟ್ ಮಾಡಿ’ ಅಂದರು.

ಇವತ್ತು ಅದೇ ತಪ್ಪು ಮಾಡಿದರೆ ಪಿನ್‌ಕೋಡ್ ಡಬ್ಬಿಯ ಕೆಳಗೆ ಒಂದು ಸಾಲು ಮೂಡುತ್ತದೆ, ಮಿಕ್ಕಿದ್ದು ಇದ್ದಲ್ಲೇ ಇರುತ್ತದೆ. ಪುಟ ಕದಲುವುದಿಲ್ಲ. ಇಲ್ಲಿಗೆ ಬರಲು ವೆಬ್‌ಗೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಬಂದ ದಾರಿಯಲ್ಲಿ ಒಂದಷ್ಟು ಸಾಮಾನು ಕಳೆದೂ ಹೋಯಿತು.

ಮೊದಲಿಗೆ, ಪುಟ ಯಾಕೆ ಬದಲಾಗುತ್ತಿತ್ತು ಅನ್ನುವುದು. 1993ರಲ್ಲಿ ಅಮೆರಿಕದ ಎನ್‌ಸಿಎಸ್‌ಎ ಎಂಬ ಕಂಪ್ಯೂಟರ್ ಸಂಶೋಧನಾ ಕೇಂದ್ರದ ಮೊಸಾಯಿಕ್ ಬ್ರೌಸರ್‌ಗೆ ಫಾರಂ ಬಂತು. ಫಾರಂನಲ್ಲಿ ಬಂದದ್ದನ್ನು ಸರ್ವರ್‌ನ ಒಂದು ಪ್ರೋಗ್ರಾಂಗೆ ದಾಟಿಸುವ ಸಿಜಿಐ ಎಂಬ ಪದ್ಧತಿಯೂ ಅದೇ ವರ್ಷ ಅಲ್ಲಿಂದಲೇ ಬಂತು. 1995ರ ನವೆಂಬರ್‌ನಲ್ಲಿ ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ 2.0ರ ದಾಖಲೆ ಫಾರಂ ಅನ್ನು ಬರಹದಲ್ಲಿ ಗಟ್ಟಿ ಮಾಡಿತು. ಆಗ ವೆಬ್ ಅಂದರೆ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಗುವುದು, ಅಷ್ಟೇ. ಲಿಂಕ್ ಬರಿಗೈಯಲ್ಲಿ ಹೋಗುತ್ತದೆ, ಫಾರಂ ಕೈಯಲ್ಲಿ ಏನಾದರೂ ಹಿಡಿದುಕೊಂಡು ಹೋಗುತ್ತದೆ. ಎರಡೂ ಹೋಗಿ ತಲುಪುವುದು ಹೊಸ ಪುಟಕ್ಕೇ. ತಾಲ್ಲೂಕು ಕಚೇರಿಯಲ್ಲಿ ಅರ್ಜಿಯ ಒಂದು ಕಾಲಂ ತಪ್ಪಿದರೆ ಹೊಸ ಫಾರಂ ತಂದು ಮೊದಲಿಂದ ಬರೆಯಿರಿ ಅನ್ನುತ್ತಾರಲ್ಲ, ಹಾಗೆ.

ಬೆಳ್ಳಗಾಗುವ ಪರದೆಯನ್ನು ನಾವು ಬೈದದ್ದೇ ಬೈದದ್ದು. ಆದರೆ ಅದು ಸದ್ದಿಲ್ಲದೆ ಎಷ್ಟೋ ಕೆಲಸ ಮಾಡುತ್ತಿತ್ತು. ‘ಹೋಗಿದೆ, ಕಾಯಿರಿ’ ಅಂತ ಹೇಳುತ್ತಿತ್ತು. ಸರ್ವರ್ ಬಿದ್ದರೆ ಅದನ್ನೂ ಕಣ್ಣಿಗೆ ಕಾಣುವಂತೆ ಹೇಳುತ್ತಿತ್ತು. ಬ್ಯಾಕ್ ಬಟನ್‌ಗೆ ಒಂದು ಅರ್ಥ ಕೊಡುತ್ತಿತ್ತು. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಹೊಸ ಪುಟವನ್ನು ಮೇಲಿಂದ ಓದಿ ಹೇಳುತ್ತಿತ್ತು.

ಪುಟ ಬದಲಾಯಿಸದೆ ಫಾರಂ ಕಳಿಸುವ ದಾರಿ ಮೊದಲೇ ಇತ್ತು ಅಂದರೆ ನಂಬುತ್ತೀರಾ? ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮ ಎಚ್‌ಟಿಟಿಪಿ. 1996ರ ಮೇನಲ್ಲಿ ಬಂದ ಅದರ 1.0 ದಾಖಲೆಯಲ್ಲಿ 204 ಅನ್ನುವ ಉತ್ತರ ಸಂಖ್ಯೆ ಇದೆ. ಕೆಲಸ ಆಯಿತು, ತೋರಿಸಲು ಏನೂ ಇಲ್ಲ, ಬ್ರೌಸರ್ ಈಗಿರುವ ಪುಟವನ್ನೇ ಇಟ್ಟುಕೊಳ್ಳಲಿ ಎಂದು ಅದರ ಅರ್ಥ. ಒಂದು ಸಾಲು ಜಾವಾಸ್ಕ್ರಿಪ್ಟ್ ಬೇಡ. ಆದರೆ ಬಟನ್ ಒತ್ತಿದವರಿಗೆ ಏನೂ ಕಾಣುವುದಿಲ್ಲ. ಹೋಯಿತೋ ಇಲ್ಲವೋ ತಿಳಿಯದೆ ಅವರು ಇನ್ನೊಮ್ಮೆ ಒತ್ತುತ್ತಾರೆ, ಮತ್ತೊಮ್ಮೆ ಒತ್ತುತ್ತಾರೆ. ಪುಟ ನಿಲ್ಲಿಸುವುದು ಯಾವತ್ತೂ ಕಷ್ಟದ ಕೆಲಸವಾಗಿರಲಿಲ್ಲ. ನಿಂತ ಪುಟದಲ್ಲಿ ಏನಾಯಿತು ಅಂತ ಹೇಳುವುದೇ ಕಷ್ಟ.

ಅದಕ್ಕೆ ಪುಟದೊಳಗೆ ಓಡುವ ಭಾಷೆ ಬೇಕಿತ್ತು. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್‌ನ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಅದರ ಮೊದಲ ರೂಪ ಬರೆದರು. ಮೋಕಾ ಆಗಿ, ಲೈವ್‌ಸ್ಕ್ರಿಪ್ಟ್ ಆಗಿ, ಡಿಸೆಂಬರ್ ಹೊತ್ತಿಗೆ ಜಾವಾಸ್ಕ್ರಿಪ್ಟ್ ಆಯಿತು. ಜನ ಅದನ್ನು ಮೊದಮೊದಲು ಜಾಸ್ತಿ ಬಳಸಿದ ಕೆಲಸಗಳಲ್ಲಿ ಫಾರಂ ಪರೀಕ್ಷೆಯೂ ಒಂದು. ಫೋನ್ ತಂತಿಯ ಇಂಟರ್‌ನೆಟ್‌ನಲ್ಲಿ ಪಿನ್‌ಕೋಡ್ ತಪ್ಪು ಅಂತ ತಿಳಿಯಲು ಸರ್ವರ್‌ವರೆಗೆ ಹೋಗಿ ಬರುವುದು ದಂಡ. ಸಬ್ಮಿಟ್ ಆಗುವ ಕ್ಷಣಕ್ಕೆ ಒಂದು ಫಂಕ್ಷನ್ ಕಟ್ಟಿ, ತಪ್ಪಿದ್ದರೆ ಅದರಿಂದ ‘ಫಾಲ್ಸ್’ ಹಿಂತಿರುಗಿಸಿದರೆ ಫಾರಂ ಅಲ್ಲೇ ನಿಲ್ಲುತ್ತಿತ್ತು. ಮುಂದಿನ ಕಥೆಯೆಲ್ಲ ಈ ‘ಫಾಲ್ಸ್’‌ನಿಂದ ಹುಟ್ಟಿದ್ದು. ಸ್ಕ್ರಿಪ್ಟ್ ಪುಟವನ್ನು ಮುಟ್ಟುವ ರೀತಿಗೆ ಡಾಮ್ ಅನ್ನುತ್ತಾರೆ; 2000ದ ನವೆಂಬರ್‌ನ ಅದರ ಎರಡನೇ ಹಂತದ ದಾಖಲೆ ಇದಕ್ಕೆ ಪ್ರಿವೆಂಟ್‌ಡೀಫಾಲ್ಟ್ ಅಂತ ನೆಟ್ಟಗಿನ ಹೆಸರು ಕೊಟ್ಟಿತು.

ಆದರೆ ಇದು ತಡೆಯುವುದಾಯಿತು, ಕಳಿಸುವುದಲ್ಲ. ತಡೆದ ಮೇಲೆ ಮಾಹಿತಿಯನ್ನು ಸರ್ವರ್‌ಗೆ ಮುಟ್ಟಿಸುವುದು ಹೇಗೆ? ಜಾವಾಸ್ಕ್ರಿಪ್ಟ್‌ಗೆ ಆಗ ಅದಕ್ಕೆ ನೇರ ದಾರಿ ಇರಲಿಲ್ಲ. ಜನ ಕಳ್ಳದಾರಿ ಹುಡುಕಿದರು. ಅಗಲ ಸೊನ್ನೆ, ಎತ್ತರ ಸೊನ್ನೆಯ ಒಂದು ಐಫ್ರೇಮ್ ಅನ್ನು, ಅಂದರೆ ಪುಟದೊಳಗೆ ಇನ್ನೊಂದು ಪುಟ ತೆರೆಯುವ ಚೌಕಟ್ಟನ್ನು, ಬಚ್ಚಿಡುವುದು. ಉತ್ತರ ಆ ಫ್ರೇಮ್‌ನಲ್ಲಿ ತೆರೆದುಕೊಳ್ಳಲಿ ಅಂತ ಫಾರಂಗೆ ಹೇಳುವುದು. ಪುಟ ರೀಲೋಡ್ ಆಗುತ್ತದೆ, ಆದರೆ ಕಾಣದ ಪುಟ. ಉತ್ತರದ ಜತೆ ಸರ್ವರ್ ಕಳಿಸಿದ ಪುಟ್ಟ ಸ್ಕ್ರಿಪ್ಟ್ ಮೇಲಿನ ಪುಟದ ಫಂಕ್ಷನ್ ಒಂದನ್ನು ಕರೆದು ‘ಆಯಿತಪ್ಪ’ ಅನ್ನುತ್ತಿತ್ತು. ವಿಂಡೋಸ್‌ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಮಾತ್ರ ಗುಟ್ಟು ಬಿಟ್ಟುಕೊಡುತ್ತಿತ್ತು. ಫ್ರೇಮ್ ಎಲ್ಲಿಗಾದರೂ ಹೋದಾಗಲೆಲ್ಲ ಸ್ಪೀಕರ್‌ನಲ್ಲಿ ‘ಟಕ್’ ಅಂತ ಸದ್ದು.

ನೇರ ದಾರಿ ಬಂದದ್ದು ಇಮೇಲ್ ಕೆಲಸ ಮಾಡುತ್ತಿದ್ದವರಿಂದ. ಮೈಕ್ರೋಸಾಫ್ಟ್‌ನಲ್ಲಿ ಔಟ್‌ಲುಕ್ ಅನ್ನು ಬ್ರೌಸರ್‌ನಲ್ಲೇ ಓಡಿಸುವ ಕೆಲಸ ನಡೆದಿತ್ತು. ಒಂದೊಂದು ಮೇಲ್‌ಗೂ ಪುಟ ಬದಲಾದರೆ ಅದು ಔಟ್‌ಲುಕ್ ಅನ್ನಿಸಿಕೊಳ್ಳುತ್ತಾ? ಆ ತಂಡದಲ್ಲಿದ್ದ ಅಲೆಕ್ಸ್ ಹಾಪ್‌ಮನ್, ಸ್ಕ್ರಿಪ್ಟ್‌ನಿಂದಲೇ ಸರ್ವರ್ ಜತೆ ಮಾತಾಡುವ ಒಂದು ಘಟಕ ಬರೆದರು. ಅದನ್ನು ಬ್ರೌಸರ್ ಜತೆ ಜನರಿಗೆ ತಲುಪಿಸಲು ಕೈಗೆ ಸಿಕ್ಕ ಗಾಡಿ ಎಂಎಸ್‌ಎಕ್ಸ್‌ಎಂಎಲ್; ಎಕ್ಸ್‌ಎಂಎಲ್ ಎಂಬ ಮಾಹಿತಿ ಬರೆಯುವ ಶೈಲಿಯನ್ನು ಓದುವ ಕೋಡ್ ಲೈಬ್ರರಿ. ಎಕ್ಸ್‌ಎಂಎಲ್ ಗಾಡಿ ಹತ್ತಬೇಕಾದರೆ ಹೆಸರಲ್ಲೂ ಎಕ್ಸ್‌ಎಂಎಲ್ ಇರಬೇಕಲ್ಲ. ಹಾಗಾಗಿ ಎಕ್ಸ್‌ಎಂಎಲ್‌ಎಚ್‌ಟಿಟಿಪಿ. ಆ ಕೆಲಸಕ್ಕೂ ಎಕ್ಸ್‌ಎಂಎಲ್‌ಗೂ ಅಷ್ಟೇನೂ ಸಂಬಂಧ ಇರಲಿಲ್ಲ ಅಂತ ಅವರೇ ಆಮೇಲೆ ಬರೆದುಕೊಂಡಿದ್ದಾರೆ. 1999ರ ಮಾರ್ಚ್‌ನಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರ ಜತೆ ಅದು ಹೊರಬಂತು. ಮೊಜಿಲ್ಲಾ ಬ್ರೌಸರ್‌ನವರು ಅದನ್ನೇ ನೋಡಿ ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟ್ ಮಾಡಿದರು. 2004ರಲ್ಲಿ ಆಪಲ್‌ನ ಬ್ರೌಸರ್ ಸಫಾರಿ ಸೇರಿಕೊಂಡಿತು.

ಆರು ವರ್ಷ ಈ ಸಾಮಾನು ಕೈಯಲ್ಲಿದ್ದರೂ ಅದಕ್ಕೊಂದು ಕರೆಯುವ ಹೆಸರಿರಲಿಲ್ಲ. 2004ರ ಏಪ್ರಿಲ್ 1ರಂದು ಜಿಮೇಲ್ ಬಂತು, 2005ರ ಫೆಬ್ರುವರಿಯಲ್ಲಿ ಗೂಗಲ್ ಮ್ಯಾಪ್ಸ್ ಬಂತು. ಪುಟ ಕದಲದೆ ಎಷ್ಟೆಲ್ಲ ಮಾಡಬಹುದು ಅಂತ ಲೋಕಕ್ಕೆ ಗೊತ್ತಾಯಿತು. ಅದೇ ಫೆಬ್ರುವರಿ 18ರಂದು ವೆಬ್ ವಿನ್ಯಾಸಕ ಜೆಸ್ಸಿ ಜೇಮ್ಸ್ ಗ್ಯಾರೆಟ್ ಒಂದು ಲೇಖನದಲ್ಲಿ ಇದನ್ನು ಅಜಾಕ್ಸ್ ಅಂತ ಕರೆದರು. ಗ್ರಾಹಕರ ಹತ್ತಿರ ಮಾತಾಡುವಾಗ ಅಷ್ಟುದ್ದದ ತಾಂತ್ರಿಕ ಹೆಸರುಗಳ ಮಾಲೆ ಹೇಳುವುದು ಕಷ್ಟ, ಚಿಕ್ಕದೊಂದು ಬೇಕಿತ್ತು ಅನ್ನುವುದು ಅವರ ಕಾರಣ. ಹೆಸರು ಸಿಕ್ಕಿದ ಮೇಲೆ ಎಲ್ಲರಿಗೂ ಅದು ಬೇಕಾಯಿತು. 2006ರ ಜನವರಿಯಲ್ಲಿ ಜಾನ್ ರೆಸಿಗ್ ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ತಂದರು. ಬ್ರೌಸರ್‌ಗೊಂದು ರೀತಿ ಬರೆಯುವ ತಲೆನೋವು ಹೋಯಿತು. ಫಾರಂನ ಎಲ್ಲ ಡಬ್ಬಿಗಳನ್ನೂ ಗುಡಿಸಿ ಒಂದು ಸಾಲಾಗಿಸುವ ಸೀರಿಯಲೈಸ್, ಕಳಿಸಲು ಅಜಾಕ್ಸ್ ಫಂಕ್ಷನ್. ಎರಡು ಮೂರು ಸಾಲಿಗೆ ಕೆಲಸ ಮುಗಿಯಿತು.

ಇಲ್ಲಿ ಕನ್ನಡದ ಒಂದು ತಾಪತ್ರಯ ಹೇಳಲೇಬೇಕು. ಇಂಗ್ಲಿಷ್‌ನಲ್ಲಷ್ಟೇ ಪರೀಕ್ಷೆ ಮಾಡಿದವರಿಗೆ ಇದು ಕಾಣಿಸುವುದೇ ಇಲ್ಲ.

ಫಾರಂನ ಅಕ್ಷರಗಳು ಹಾಗೇ ಹೋಗುವುದಿಲ್ಲ, ಸಂಕೇತವಾಗಿ ಹೋಗುತ್ತವೆ. ಲೋಕದ ಎಲ್ಲ ಲಿಪಿಗಳಿಗೂ ಆಗುವ ಯುಟಿಎಫ್-8 ಎಂಬ ಸಂಕೇತದಲ್ಲಿ ‘ಕ’ ಅಂದರೆ ಮೂರು ಬೈಟ್. ಒಂದೊಂದು ಬೈಟ್‌ಗೂ ಒಂದು ಪರ್ಸೆಂಟ್ ಗುರುತು, ಎರಡು ಅಂಕೆ-ಅಕ್ಷರ. ಅಲ್ಲಿಗೆ ಒಂಬತ್ತು. ‘ಕನ್ನಡ’ ಅನ್ನುವ ಪದ, ಮಧ್ಯದ ಹಲಂತವನ್ನೂ ಲೆಕ್ಕ ಹಾಕಿದರೆ, 45 ಗುರುತುಗಳಾಗಿ ತಂತಿಯಲ್ಲಿ ಹೋಗುತ್ತದೆ. ಸರಿ, ಹೋಗಲಿ. ತೊಂದರೆ ಅದಲ್ಲ. ಆ ಕಾಲದ ಎಷ್ಟೋ ಪುಟಗಳು ತಮ್ಮ ಸಂಕೇತ ಪಶ್ಚಿಮ ಯುರೋಪಿನದು ಅಂತ ಘೋಷಿಸಿಕೊಂಡಿದ್ದವು. ಅಂಥ ಪುಟದ ಮಾಮೂಲಿ ಫಾರಂನಲ್ಲಿ ‘ಕ’ ಬರೆದರೆ ಬ್ರೌಸರ್ ಅದನ್ನು ಕ ಅಂತ ಮಾಡಿ ಕಳಿಸುತ್ತಿತ್ತು. ಡೇಟಾಬೇಸ್‌ನಲ್ಲಿ ಹಾಗೇ ಕೂರುತ್ತಿತ್ತು, ತಿರುಗಿ ತೋರಿಸಿದಾಗ ಬ್ರೌಸರ್ ಅದನ್ನು ‘ಕ’ ಅಂತಲೇ ಓದುತ್ತಿತ್ತು. ಸುಮ್ನೆ ಅದೃಷ್ಟದ ಮೇಲೆ ನಡೆಯುತ್ತಿದ್ದ ಸಂಸಾರ.

ಅದೇ ಫಾರಂ ಅನ್ನು ಅಜಾಕ್ಸ್‌ಗೆ ಬದಲಾಯಿಸಿದ ದಿನ ಸಂಸಾರ ಮುರಿಯಿತು. ಜಾವಾಸ್ಕ್ರಿಪ್ಟ್ ಪುಟದ ಘೋಷಣೆ ಕೇಳುವುದಿಲ್ಲ, ಯುಟಿಎಫ್-8ರಲ್ಲೇ ಕಳಿಸುತ್ತದೆ. ಸರ್ವರ್ ಮೂರು ಬೈಟ್‌ಗಳನ್ನು ಮೂರು ಬೇರೆ ಬೇರೆ ಯುರೋಪಿಯನ್ ಅಕ್ಷರ ಅಂದುಕೊಳ್ಳುತ್ತದೆ. ತಲೆಯ ಮೇಲೆ ಗೀರಿರುವ ‘ಎ’, ಅದರ ಪಕ್ಕ ಪುಟಾಣಿ 2 ಅಥವಾ 3, ಆಮೇಲೆ ಏನೋ ಒಂದು ಚುಕ್ಕೆ. ಈ ಗೀರು-ಎ ಸಾಲುಗಳನ್ನು ನೋಡದ ಕನ್ನಡಿಗ ಇಂಟರ್‌ನೆಟ್‌ನಲ್ಲಿ ಇದ್ದಾರೆ ಅಂತ ನನಗನ್ನಿಸುವುದಿಲ್ಲ. ಇನ್ನು ಕೆಲವರು ಅಕ್ಷರವನ್ನು ಸಂಕೇತ ಮಾಡಲು ಜಾವಾಸ್ಕ್ರಿಪ್ಟ್‌ನ ಹಳೇ ಎಸ್ಕೇಪ್ ಫಂಕ್ಷನ್ ಬಳಸುತ್ತಿದ್ದರು. ಅದು ಇಂಗ್ಲಿಷ್‌ಗೆ ಸರಿಯಾಗಿಯೇ ನಡೆಯುತ್ತದೆ. ಕನ್ನಡ ಬಂದರೆ ತನ್ನದೇ ಒಂದು ಶೈಲಿಯಲ್ಲಿ, ಪರ್ಸೆಂಟ್ ಪಕ್ಕ ‘ಯು’ ಹಚ್ಚಿ ಬರೆಯುತ್ತದೆ. ಹೆಚ್ಚಿನ ಸರ್ವರ್‌ಗಳಿಗೆ ಅದು ಅರ್ಥವೇ ಆಗದು. ಹೆಸರಿನ ಡಬ್ಬಿಯಲ್ಲಿ ಕನ್ನಡ ಬರೆದವರಿಗಷ್ಟೇ ಬರುವ ರೋಗ ಇದು, ಅಲ್ವಾ? ಪುಟ, ಡೇಟಾಬೇಸ್, ಸ್ಕ್ರಿಪ್ಟ್ ಮೂರೂ ಯುಟಿಎಫ್-8 ಆದ ಮೇಲಷ್ಟೇ ವಾಸಿಯಾಯಿತು.

ಫೋಟೊ, ಅಂಕಪಟ್ಟಿ ಅಪ್‌ಲೋಡ್ ಕಥೆ ಬೇರೆ. ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟ್‌ಗೆ ಫೈಲ್ ಹೊರುವುದು ಗೊತ್ತಿರಲಿಲ್ಲ. ಹಾಗಾಗಿ ಉಳಿದದ್ದೆಲ್ಲ ಅಜಾಕ್ಸ್ ಆದರೂ ಫೈಲ್‌ಗೆ ಮಾತ್ರ ಅದೇ ಬಚ್ಚಿಟ್ಟ ಐಫ್ರೇಮ್. ಫಾರಂನಲ್ಲಿರುವುದನ್ನೆಲ್ಲ ಫೈಲ್ ಸಮೇತ ಕಟ್ಟಿಕೊಡುವ ಫಾರ್ಮ್‌ಡೇಟಾ ಬಂದ ಮೇಲೆ ಬಿಡುಗಡೆ. 2011ರ ಫೈರ್‌ಫಾಕ್ಸ್ 4ರಲ್ಲಿ ಅದು ಇತ್ತು, ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನವರು 10ನೇ ಆವೃತ್ತಿವರೆಗೆ ಕಾಯಬೇಕಾಯಿತು. ಈಗಲೂ ಹೊಸಬರು ಇಲ್ಲೊಂದು ಕಡೆ ಎಡವುತ್ತಾರೆ. ಫಾರ್ಮ್‌ಡೇಟಾ ಕಳಿಸುವಾಗ ಒಳಗೆ ಏನಿದೆ ಅಂತ ಸರ್ವರ್‌ಗೆ ಹೇಳುವ ಕಂಟೆಂಟ್-ಟೈಪ್ ಹೆಡರ್ ತಾವೇ ಬರೆಯುತ್ತಾರೆ. ಒಂದು ಭಾಗ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರು ಅನ್ನುವ ಗಡಿಗುರುತನ್ನು ಬ್ರೌಸರ್ ಆ ಹೆಡರ್‌ನಲ್ಲೇ ಇಡುವುದು. ನಾವು ಬರೆದರೆ ಅದು ಅಳಿಸಿಹೋಗುತ್ತದೆ, ಸರ್ವರ್‌ಗೆ ಏನೂ ಸಿಗುವುದಿಲ್ಲ.

2015ರ ಏಪ್ರಿಲ್‌ನಲ್ಲಿ ಕ್ರೋಮ್ 42ರ ಜತೆ, ಸ್ಕ್ರಿಪ್ಟ್‌ನಿಂದ ಸರ್ವರ್ ಜತೆ ಮಾತಾಡಲು ಫೆಚ್ ಎಂಬ ಹೊಸ ಫಂಕ್ಷನ್ ಬಂತು, ಜೆಕ್ವೆರಿ ಇಲ್ಲದೆಯೂ ಅಷ್ಟೇ ಚಿಕ್ಕದಾಗಿ ಬರೆಯುವಂತಾಯಿತು. ಇವತ್ತಿನ ಪಾಠ ಹೀಗಿದೆ: ಫಾರಂನ ಸಬ್ಮಿಟ್ ಘಟನೆ ಹಿಡಿ, ಪ್ರಿವೆಂಟ್‌ಡೀಫಾಲ್ಟ್ ಕರೆ, ಫಾರ್ಮ್‌ಡೇಟಾ ಮಾಡು, ಫೆಚ್‌ಗೆ ಕೊಡು. ಐದು ನಿಮಿಷದ ಪಾಠ. ಆ ಐದು ನಿಮಿಷದಲ್ಲಿ ಹೇಳದೆ ಬಿಟ್ಟಿದ್ದೇ ಜಾಸ್ತಿ.

ಬಟನ್‌ನ ಕ್ಲಿಕ್‌ಗೆ ಕೋಡ್ ಕಟ್ಟುವವರು ಇನ್ನೂ ಇದ್ದಾರೆ. ಡಿವ್ ಎಂಬ ಬರೀ ಖಾಲಿ ಡಬ್ಬಿ ಟ್ಯಾಗ್‌ಗಳನ್ನು ಜೋಡಿಸಿ ಫಾರಂ ಎಂಬ ಟ್ಯಾಗ್ ಅನ್ನೇ ಬಿಡುವವರೂ ಇದ್ದಾರೆ. ಫಾರಂ ಟ್ಯಾಗ್ ಬಿಟ್ಟ ಕಡೆ ಎಂಟರ್ ಒತ್ತಿದರೆ ಏನೂ ಆಗುವುದಿಲ್ಲ. ಫೆಚ್‌ಗೆ 404 (ಸಿಗಲಿಲ್ಲ) ಬಂದರೂ 500 (ಸರ್ವರ್‌ನಲ್ಲಿ ತೊಂದರೆ) ಬಂದರೂ ಅದು ತಪ್ಪಲ್ಲ; ಉತ್ತರ ಬಂತಲ್ಲ, ಸಾಕು ಅನ್ನುತ್ತದೆ. ಉತ್ತರದಲ್ಲಿರುವ ಓಕೆ ಎಂಬ ಗುಣವನ್ನು ನಾವೇ ನೋಡಬೇಕು. ನೋಡದ ಕಡೆ ಸರ್ವರ್ ಬಿದ್ದಿದ್ದರೂ ಹಸಿರು ಬಣ್ಣದಲ್ಲಿ ‘ನಿಮ್ಮ ಅರ್ಜಿ ಸಲ್ಲಿಕೆಯಾಗಿದೆ’ ಅಂತ ಬರುತ್ತದೆ. ನನ್ನ ಮಟ್ಟಿಗೆ ಖಾಲಿಯಾದ ಫಾರಂಗಿಂತ ಇದು ಕೆಟ್ಟದ್ದು. ಖಾಲಿ ಫಾರಂ ಕನಿಷ್ಠ ಸುಳ್ಳು ಹೇಳುತ್ತಿರಲಿಲ್ಲ.

ಈ ಕಳೆದುಹೋದ ಸಾಮಾನಿನ ಬಗ್ಗೆ ಮೊದಲೇ ಎಚ್ಚರಿಸಿದವರಿದ್ದರು. ಅಜಾಕ್ಸ್ ಜ್ವರ ಏರಿದ್ದ 2006ರಲ್ಲೇ ವೆಬ್ ಬಗ್ಗೆ ಬರೆಯುವ ಜೆರೆಮಿ ಕೀತ್ ‘ಹೈಜಾಕ್ಸ್’ ಅನ್ನುವ ಮಾತು ತಂದರು. ಮೊದಲು ಮಾಮೂಲಿ ಫಾರಂ ಮಾಡಿ, ರೀಲೋಡ್ ಆಗಿಯೇ ಕೆಲಸ ಮಾಡಲಿ. ಆಮೇಲೆ ಸ್ಕ್ರಿಪ್ಟ್ ಅದನ್ನು ಮಧ್ಯದಲ್ಲಿ ಹೈಜಾಕ್ ಮಾಡಲಿ. ಸ್ಕ್ರಿಪ್ಟ್ ಬಾರದಿದ್ದರೂ ಫಾರಂ ಹೋಗುತ್ತದೆ. ಕೇಳಿದವರು ಕಡಿಮೆ.

ಈಗ ಗಾಳಿ ತಿರುಗಿದೆ. 2021ರಲ್ಲಿ ಎಲ್ಲರಿಗೂ ಮುಕ್ತ ಕೋಡ್ ಆಗಿ ಸಿಕ್ಕ ರೀಮಿಕ್ಸ್ ಎಂಬ ವೆಬ್ ಚೌಕಟ್ಟು ಈ ಹಳೇ ಮಾತನ್ನೇ ಹೊಸದಾಗಿ ಹೇಳಿತು. ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ ರಿಯಾಕ್ಟ್‌ನ 2024ರ ಡಿಸೆಂಬರ್‌ನ 19ನೇ ಆವೃತ್ತಿಯಲ್ಲಿ ಫಾರಂನ ಆಕ್ಷನ್ ಗುಣಕ್ಕೇ ಒಂದು ಫಂಕ್ಷನ್ ಕೊಡಬಹುದು. ಮೊದಲಿಂದಲೂ ಅದೇ ಜಾಗದಲ್ಲಿ ಸರ್ವರ್‌ನ ವಿಳಾಸ ಬರೆಯುತ್ತಿದ್ದೆವು.

ಹಳೇ ಎಚ್‌ಟಿಟಿಪಿ ಸಂಖ್ಯೆಯೊಂದು ಕೂಡ ಎದ್ದು ಬಂದಿದೆ. ಆ ‘ರಿಫ್ರೆಶ್ ಒತ್ತಬೇಡಿ’ ಭಯಕ್ಕೆ 1997ರ ಎಚ್‌ಟಿಟಿಪಿ 1.1ರಲ್ಲೇ ಒಂದು ಮದ್ದಿತ್ತು: 303. ಫಾರಂ ತಗೊಂಡೆ, ಫಲಿತಾಂಶ ಆ ವಿಳಾಸದಲ್ಲಿದೆ ಹೋಗಿ ನೋಡು ಅಂತ. ಆಮೇಲೆ ಎಷ್ಟು ರಿಫ್ರೆಶ್ ಮಾಡಿದರೂ ಫಾರಂ ಎರಡನೇ ಸಲ ಹೋಗದು. 2020ರ ಕೊನೆಯಲ್ಲಿ, ಸರ್ವರ್ ಕಡೆಯ ರೈಲ್ಸ್ ಎಂಬ ವೆಬ್ ಚೌಕಟ್ಟಿನ ಬಳಗದಿಂದ ಬಂದ ಟರ್ಬೊ ಲೈಬ್ರರಿ, ಪುಟ ರೀಲೋಡ್ ಮಾಡದೆ ಫಾರಂ ಕಳಿಸುತ್ತದೆ. ಫಾರಂ ಸರಿಯಾಗಿ ಸೇರಿದರೆ ಸರ್ವರ್ 303 ಹೇಳಲಿ ಅಂತ ಬಯಸುತ್ತದೆ. ಹಳೇ ಅಭ್ಯಾಸದಲ್ಲಿ 200, ಅಂದರೆ ‘ಎಲ್ಲ ಸರಿ’, ಅಂತ ಹೇಳಿ ಪುಟ ಕಳಿಸಿದರೆ ಅದನ್ನು ತೋರಿಸುವುದೇ ಇಲ್ಲ. ರೈಲ್ಸ್ 7ಕ್ಕೆ ಬಂದ ಹೊಸಬರು ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ ಅಂತ ತಲೆ ಕೆರೆದುಕೊಂಡರು. ಫಾರಂ ಹೋಗಿರುತ್ತಿತ್ತು. ಉತ್ತರವೂ ಬಂದಿರುತ್ತಿತ್ತು. ಪರದೆ ಮಾತ್ರ 204ರ ಕಾಲದ ಹಾಗೆ ಸುಮ್ಮನೆ ಕೂತಿರುತ್ತಿತ್ತು, ತಪ್ಪು ಏನು ಅನ್ನುವುದು ಬ್ರೌಸರ್‌ನ ಕನ್ಸೋಲ್ (ಡೆವಲಪರ್‌ಗಳ ಸಂದೇಶ ಕಿಟಕಿ) ತೆರೆದು ನೋಡಿದವರಿಗಷ್ಟೇ ಕಾಣುತ್ತಿತ್ತು.