ಪದ ಪರಿಚಯ: ಸೆರಾಮಿಕ್ ಲೇಪನ, ಮತ್ತು ಅದು ಮಾಡದ ಕೆಲಸವನ್ನು ಮಾಡುವ ಪೊರೆ

ಹೊಸಪೇಟೆಯಿಂದ ಸಂಡೂರಿಗೆ ಹೋಗುವಾಗ ದಾರಿಬದಿಯಲ್ಲಿ ಒಂದು ಫಲಕ ಕಂಡಿತು: ‘ನಿಮ್ಮ ವಾಹನಕ್ಕೆ 9ಎಚ್ ಪಿಂಗಾಣಿ ಲೇಪನ. ಕಲ್ಲು ಸಿಡಿದರೂ ಬಣ್ಣ ಏಳದು.’ ಈ ಮಾತನ್ನು ಕರಪತ್ರಗಳಲ್ಲಿ, ಮೊಬೈಲಿಗೆ ಬರುವ ಸಂದೇಶಗಳಲ್ಲಿ ಎಷ್ಟು ಸಲ ಓದಿದ್ದೇನೆಂದು ಲೆಕ್ಕವಿಲ್ಲ. ಈ ಸಲ ಓದಿ ಸುಮ್ಮನಿರಲು ಆಗಲಿಲ್ಲ, ಏಕೆಂದರೆ ನಮ್ಮ ಭಾವ ಇಂಥದ್ದೇ ಮಾತನ್ನು ನಂಬಿ ಹಣ ಕೊಟ್ಟಿದ್ದರು. ಅವರದು ಹೊಸ ಪಿಕಪ್ ಟ್ರಕ್ಕು. ಅದಿರಿನ ಲಾರಿಗಳ ಹಿಂದೆ ದಿನವೂ ಓಡಾಟ. ಲೇಪನ ಮಾಡಿಸಿದ ಮೂರನೆಯ ವಾರಕ್ಕೆ ಬಾನೆಟ್ಟಿನ ಮುಂಭಾಗದಲ್ಲಿ ಸಾಸಿವೆ ಕಾಳಿನಷ್ಟು ಅಗಲದ ಏಳು ಚುಕ್ಕೆಗಳು ಎದ್ದಿದ್ದವು. ಎರಡರಲ್ಲಿ ಬಣ್ಣದ ಕೆಳಗಿನ ಬೂದು ಪ್ರೈಮರ್ ಕಾಣುತ್ತಿತ್ತು. ‘ಪಿಂಗಾಣಿಯ ಹಾಗೆ ಗಟ್ಟಿ ಎಂದಿದ್ದರಲ್ಲ?’ ಎಂದು ಅವರು ನನ್ನನ್ನು ಕೇಳಿದರು. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲು ಪಿಂಗಾಣಿ. ಇಂಗ್ಲಿಷಿನ ‘ಸೆರಾಮಿಕ್’ ಎಂಬುದನ್ನೇ ಆ ಫಲಕ ಹೀಗೆ ಕನ್ನಡಿಸಿದೆ. ಗ್ರೀಕಿನ ‘ಕೆರಾಮೋಸ್’ ಎಂದರೆ ಕುಂಬಾರನ ಜೇಡಿಮಣ್ಣು, ಆ ಮಣ್ಣಿನಿಂದ ಮಾಡಿ ಸುಟ್ಟ ಮಡಕೆ ಮತ್ತು ಹೆಂಚು. ಅಥೆನ್ಸಿನ ಕುಂಬಾರರ ಕೇರಿಗೆ ‘ಕೆರಾಮೆಯ್ಕೋಸ್’ ಎಂಬ ಹೆಸರು ಬಂದದ್ದು ಇದರಿಂದಲೇ. ಸೆರಾಮಿಕ್ ಎಂಬ ಮಾತಿನ ಮೂಲ ಇದು. ಈಗಿನ ವಿಜ್ಞಾನದಲ್ಲಿ ಅದರ ಅರ್ಥ ಇನ್ನೂ ಹಿಗ್ಗಿದೆ: ಲೋಹವಲ್ಲದ, ಸಾವಯವ ಸಂಯುಕ್ತವೂ ಅಲ್ಲದ, ಸಾಮಾನ್ಯವಾಗಿ ಬೆಂಕಿಯಲ್ಲಿ ಬೆಂದು ಗಟ್ಟಿಯಾದ ವಸ್ತು. ಇಟ್ಟಿಗೆ ಸೆರಾಮಿಕ್. ಸ್ಪಾರ್ಕ್ ಪ್ಲಗ್ಗಿನ ಬಿಳಿಯ ಕುತ್ತಿಗೆ ಸೆರಾಮಿಕ್. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದು ಕರಾವಳಿಯ ಮಾಡುಗಳಿಗೆಲ್ಲ ಹೊದಿಸಿದ ಕೆಂಪು ಹೆಂಚೂ ಸೆರಾಮಿಕ್ಕೇ. ಆ ಹೆಂಚನ್ನು ಯಾರಾದರೂ ಪಿಂಗಾಣಿ ಎನ್ನುತ್ತಾರೆಯೇ?

ಪಿಂಗಾಣಿ ಎಂಬುದು ಬೇರೆ ದಾರಿಯಲ್ಲಿ ಬಂದ ಪದ. ಪಾರಸಿಯಲ್ಲಿ ‘ಪಿಂಗಾನ್’ ಎಂದರೆ ಬಟ್ಟಲು. ಅರಬ್ಬರು ಅದನ್ನೇ ‘ಫಿಂಜಾನ್’ ಮಾಡಿಕೊಂಡು ಅದರಲ್ಲಿ ಕಾಫಿ ಕುಡಿದರು. ತಮಿಳಿನಲ್ಲಿ ಅದು ‘ಪೀಂಗಾನ್’, ನಮ್ಮಲ್ಲಿ ಪಿಂಗಾಣಿ. ನಮ್ಮ ಬಳಕೆಯಲ್ಲಿ ಅದಕ್ಕೆ ಖಚಿತ ಅರ್ಥವಿದೆ: ಬಿಳಿಯ ಜೇಡಿಯನ್ನು ಭಾರಿ ಶಾಖದಲ್ಲಿ ಸುಟ್ಟು ಮಾಡಿದ, ಗಾಜಿನ ಹೊಳಪಿನ, ತಟ್ಟಿದರೆ ಕಣಕಣ ಎನ್ನುವ ವಸ್ತು. ಅದಕ್ಕೆ ಬೇಕಾದ ಶಾಖ ಸುಮಾರು 1,300 ಡಿಗ್ರಿ ಸೆಲ್ಸಿಯಸ್. ಆ ಶಾಖಕ್ಕೆ ಟ್ರಕ್ಕಿನ ಬಣ್ಣವೂ ಉಳಿಯದು, ಪ್ಲಾಸ್ಟಿಕ್ ಬಂಪರೂ ಉಳಿಯದು. ಸೆರಾಮಿಕ್ ಎಂದಲ್ಲೆಲ್ಲ ಪಿಂಗಾಣಿ ಎಂದು ಬರೆಯುವುದು, ಮರ ಎಂದಲ್ಲೆಲ್ಲ ತೇಗ ಎಂದು ಬರೆದಂತೆ.

ಹಾಗಾದರೆ ಸೆರಾಮಿಕ್ ಲೇಪನ ಎಂದು ಮಾರುವ ಬಾಟಲಿಯಲ್ಲಿ ಇರುವುದೇನು? ಮೂವತ್ತೋ ಐವತ್ತೋ ಮಿಲಿಲೀಟರಿನಷ್ಟು, ದ್ರಾವಕದಲ್ಲಿ ಕರಗಿಸಿದ ಸಿಲಿಕಾನ್ ಸಂಯುಕ್ತಗಳು: ಸಿಲೋಕ್ಸೇನ್, ಸಿಲಜೇನ್ ಮುಂತಾದ ರಾಳಗಳು. ಬಟ್ಟೆಗೆ ಹಾಕಿ ಬಣ್ಣದ ಮೇಲೆ ಸವರಿದಾಗ ದ್ರಾವಕ ಆರಿಹೋಗುತ್ತದೆ. ಉಳಿದದ್ದು ಗಾಳಿಯ ತೇವದೊಡನೆ ಸೇರಿ ಸಿಲಿಕಾನ್ ಮತ್ತು ಆಮ್ಲಜನಕದ ಬಲೆಯಾಗಿ ಬಣ್ಣಕ್ಕೆ ಕಚ್ಚಿಕೊಳ್ಳುತ್ತದೆ. ಮರಳಿನಲ್ಲಿ, ಗಾಜಿನಲ್ಲಿ ಮುಖ್ಯವಾಗಿ ಇರುವ ಸಿಲಿಕಾ ಎಂಬುದೂ ಇವೇ ಎರಡು ಧಾತುಗಳ ಸಂಯುಕ್ತ. ಸೆರಾಮಿಕ್ ಎಂಬ ಹೆಸರಿಗೆ ಇರುವ ಆಧಾರ ಇಷ್ಟೇ. ಇದು ಗೂಡಿನಲ್ಲಿ ಬೆಂದದ್ದಲ್ಲ, ಬಹುಪಾಲು ಬಾಟಲಿಗಳಲ್ಲಿ ಅದು ಶುದ್ಧ ಸಿಲಿಕಾ ಕೂಡ ಅಲ್ಲ. ನನ್ನನ್ನು ಕೇಳಿದರೆ ‘ಸಿಲಿಕಾ ಲೇಪನ’ ಎನ್ನುವುದು ಪಿಂಗಾಣಿಗಿಂತ ಪ್ರಾಮಾಣಿಕವಾದ ಹೆಸರು.

ಇದಕ್ಕಿಂತ ಒಳ್ಳೆಯ ಹೋಲಿಕೆ ನಮ್ಮ ಅಡುಗೆಮನೆಯಲ್ಲೇ ಇತ್ತು: ಕಲಾಯಿ. ಹಿತ್ತಾಳೆ ಪಾತ್ರೆಯ ಒಳಗೆ ತವರದ ತೆಳುವಾದ ಪದರ. ಅದು ಹುಳಿಯನ್ನು ತಡೆಯುತ್ತಿತ್ತು, ಕಿಲುಬು ಏಳದಂತೆ ಕಾಯುತ್ತಿತ್ತು, ಕೆಲವು ತಿಂಗಳಿಗೆ ಸವೆದು ಮತ್ತೆ ಹಾಕಿಸಬೇಕಾಗುತ್ತಿತ್ತು. ಕಲಾಯಿ ಹಾಕಿಸಿದ ಕೊಳಗ ಕೈಜಾರಿ ಬಿದ್ದರೆ ತಗ್ಗಾಗದು ಎಂದು ನಮ್ಮ ಅಜ್ಜಿಯರಲ್ಲಿ ಯಾರೂ ನಂಬಿರಲಿಲ್ಲ. ಸೆರಾಮಿಕ್ ಲೇಪನದ ಕೆಲಸವೂ ಅದೇ ಜಾತಿಯದು. ಬಿಸಿಲಿನ ನೇರಳಾತೀತ ಕಿರಣ, ಹಕ್ಕಿಯ ಹಿಕ್ಕೆ, ಮರದ ಅಂಟು, ಡಾಂಬರಿನ ತುಂತುರು ಇವು ಬಣ್ಣವನ್ನು ತಿನ್ನುವುದನ್ನು ಅದು ನಿಧಾನಗೊಳಿಸುತ್ತದೆ. ನೀರನ್ನು ಮಣಿಗಟ್ಟಿಸಿ ಉರುಳಿಸುತ್ತದೆ, ತೊಳೆಯುವುದನ್ನು ಹಗುರ ಮಾಡುತ್ತದೆ. ಇದು ಸಣ್ಣ ಉಪಕಾರವಲ್ಲ. ಸಂಡೂರಿನ ಕೆಂಧೂಳು ಹಿಡಿದ ಗಾಡಿಯನ್ನು ಲೇಪನ ಇದ್ದಾಗ ತೊಳೆಯುವುದಕ್ಕೂ ಇಲ್ಲದಾಗ ತೊಳೆಯುವುದಕ್ಕೂ ಇರುವ ವ್ಯತ್ಯಾಸ ತೊಳೆದವರಿಗೆ ಗೊತ್ತು. ಕೊಳವೆಬಾವಿಯ ಗಡಸು ನೀರಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮಣಿಗಟ್ಟಿ ನಿಂತ ಹನಿ ಬಿಸಿಲಿಗೆ ಒಣಗಿದರೆ ಅದರಲ್ಲಿನ ಸುಣ್ಣದ ಅಂಶ ಅಲ್ಲೇ ಬಿಳಿಯ ಉಂಗುರವಾಗಿ ಕೂರುತ್ತದೆ. ಲೇಪನವಿದೆ ಎಂದು ಒರೆಸದೆ ಬಿಟ್ಟವರ ಗಾಡಿಗಳಲ್ಲೇ ಈ ಕಲೆ ಹೆಚ್ಚು.

ಇನ್ನು ನನ್ನ ತಾಳ್ಮೆ ಕೆಡಿಸುವ 9ಎಚ್.

ಗಡಸುತನ ಎಂದೊಡನೆ ಶಾಲೆಯಲ್ಲಿ ಕಲಿತ ಮೋಸ್ ಮಾಪಕ ನೆನಪಾಗುತ್ತದೆ. ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೆಡರಿಕ್ ಮೋಸ್ 1812ರಲ್ಲಿ ರೂಪಿಸಿದ್ದು. ಅದರಲ್ಲಿ ವಜ್ರಕ್ಕೆ 10, ಮಾಣಿಕ್ಯ ಮತ್ತು ನೀಲಕ್ಕೆ 9. ಹೀಗಾಗಿ 9ಎಚ್ ಎಂದು ಓದಿದವರು, ವಜ್ರಕ್ಕಿಂತ ಒಂದೇ ಮೆಟ್ಟಿಲು ಕೆಳಗೆ ಎಂದು ತಿಳಿಯುತ್ತಾರೆ. ಮಾರುವವರು ಅದನ್ನು ತಿದ್ದುವುದಿಲ್ಲ. ಅನೇಕರು ಬಾಯಿಬಿಟ್ಟು ಹಾಗೆಯೇ ಹೇಳುವುದನ್ನೂ ಕೇಳಿದ್ದೇನೆ.

9ಎಚ್ ಎಂಬುದು ಪೆನ್ಸಿಲ್ಲಿನ ಗುರುತು. ಎಚ್‌ಬಿ, 2ಬಿ, 4ಎಚ್ ಎಂದು ನಕ್ಷೆ ಬರೆಯುವವರು ಕೊಳ್ಳುತ್ತಾರಲ್ಲ, ಅದೇ ಸಾಲಿನ ಗಟ್ಟಿಯ ತುದಿ. ಬಣ್ಣದ ಪದರಗಳನ್ನು ಪರೀಕ್ಷಿಸಲು ಬಹಳ ಹಿಂದಿನಿಂದ ಬಳಕೆಯಲ್ಲಿರುವ ಸರಳ ವಿಧಾನ ಇದು. ಪೆನ್ಸಿಲ್ಲಿನ ಸೀಸದ ತುದಿಯನ್ನು ಮರಳುಕಾಗದದ ಮೇಲೆ ಚಪ್ಪಟೆಯಾಗಿ ತೇಯುತ್ತಾರೆ. 45 ಡಿಗ್ರಿ ಓರೆಯಲ್ಲಿ, 750 ಗ್ರಾಂ ಭಾರ ಹೇರಿ ಬಣ್ಣದ ಮೇಲೆ ಮುಂದಕ್ಕೆ ತಳ್ಳುತ್ತಾರೆ. ಗೀರು ಬೀಳದಂತೆ ದಾಟಿದ ಅತ್ಯಂತ ಗಟ್ಟಿಯ ಪೆನ್ಸಿಲ್ ಯಾವುದೋ ಅದೇ ಆ ಪದರದ ಅಂಕಿ. ಅಂದರೆ ಬಾಟಲಿಯ ಮೇಲಿನ 9ಎಚ್ ಹೇಳುವುದು ಇಷ್ಟು: 9ಎಚ್ ಪೆನ್ಸಿಲ್ ಇದನ್ನು ಗೀರಲಿಲ್ಲ. ಮಾಣಿಕ್ಯದ ಸುದ್ದಿಯೇ ಅಲ್ಲಿಲ್ಲ.

ಆ ಪೆನ್ಸಿಲ್ಲಿನ ಒಳಗೆ ಏನಿದೆ ಎಂಬುದನ್ನೂ ನೋಡಬೇಕು. ನಾವು ಸೀಸ ಎನ್ನುವುದು ಸೀಸವಲ್ಲ, ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. 1795ರಲ್ಲಿ ಫ್ರಾನ್ಸಿನ ನಿಕೊಲಾ-ಝಾಕ್ ಕೊಂಟೆ ಈ ಎರಡನ್ನು ಕಲಸಿ, ಕಡ್ಡಿ ಮಾಡಿ, ಗೂಡಿನಲ್ಲಿ ಸುಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಜೇಡಿ ಹೆಚ್ಚಾದಷ್ಟೂ ಕಡ್ಡಿ ಗಟ್ಟಿ. 9ಎಚ್‌ನಲ್ಲಿ ಜೇಡಿಯ ಪಾಲು ಬಹಳ ಹೆಚ್ಚು. ಕೆರಾಮೋಸ್ ಎಂಬ ಪದದ ಮೂಲ ಅರ್ಥಕ್ಕೆ, ಅಂದರೆ ಸುಟ್ಟ ಜೇಡಿಗೆ, ಈ ಇಡೀ ವ್ಯವಹಾರದಲ್ಲಿ ನಿಜವಾಗಿ ಸಲ್ಲುವ ವಸ್ತು ಬಣ್ಣದ ಮೇಲಿನ ಲೇಪನವಲ್ಲ, ಅದನ್ನು ಪರೀಕ್ಷಿಸುವ ಪೆನ್ಸಿಲ್ಲು.

ರಸ್ತೆಯ ಧೂಳಿನಲ್ಲಿ ಬಹುಭಾಗ ಮರಳಿನ ಪುಡಿ, ಅಂದರೆ ಸ್ಫಟಿಕಶಿಲೆ. ಮೋಸ್ ಮಾಪಕದಲ್ಲಿ ಅದಕ್ಕೆ 7. ಬಳ್ಳಾರಿ ಸೀಮೆಯ ಕಬ್ಬಿಣದ ಅದಿರು ಹೆಮಟೈಟ್, ಅದಕ್ಕೆ 5ರಿಂದ 6ರ ಆಸುಪಾಸು. ಎರಡೂ ಪೆನ್ಸಿಲ್ಲಿಗಿಂತ ಎಷ್ಟೋ ಗಟ್ಟಿ. ಧೂಳು ಕೂತ ಗಾಡಿಯನ್ನು ಒಣಬಟ್ಟೆಯಿಂದ ಉಜ್ಜಿದರೆ 9ಎಚ್ ಲೇಪನದ ಮೇಲೂ ಗೀರು ಬಿದ್ದೇ ಬೀಳುತ್ತದೆ. ಇನ್ನೊಂದು ಮಾತಿದೆ. ತೆಳು ಪದರದ ಗಡಸುತನ ಅದರ ಕೆಳಗಿನ ನೆಲವನ್ನೂ ಅವಲಂಬಿಸುತ್ತದೆ. ಗಾಜಿನ ಮೇಲೆ ಹಚ್ಚಿ ಪಡೆದ ಅಂಕಿಯನ್ನು ಕ್ಲಿಯರ್ ಕೋಟ್ ಎಂಬ, ವಾಹನದ ಬಣ್ಣದ ಮೇಲಿನ ಮೆತ್ತನೆಯ ಪಾರದರ್ಶಕ ಪದರದ ಮೇಲೆ ಹಚ್ಚಿದ್ದಕ್ಕೂ ಅನ್ವಯಿಸುವಂತಿಲ್ಲ. ಹಪ್ಪಳವನ್ನು ಕಡಪ ಕಲ್ಲಿನ ಮೇಲಿಟ್ಟು ಬೆರಳಿನಿಂದ ಒತ್ತುವುದು ಬೇರೆ, ಹಾಸಿಗೆಯ ಮೇಲಿಟ್ಟು ಒತ್ತುವುದು ಬೇರೆ.

ಕಲ್ಲಿನ ಮಾತಿಗೆ ಬರೋಣ. ಇಲ್ಲಿ ಗಡಸುತನ ಮುಖ್ಯವೇ ಅಲ್ಲ, ದಪ್ಪ ಮುಖ್ಯ. ಸಿಲಿಕಾ ಲೇಪನದ ದಪ್ಪ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಆಸುಪಾಸು. ಕಾರ್ಖಾನೆಯ ಬಣ್ಣದ ಮೇಲಿನ ಕ್ಲಿಯರ್ ಕೋಟೇ ನಲವತ್ತು, ಐವತ್ತು ಮೈಕ್ರಾನ್ ಇರುತ್ತದೆ. ನಮ್ಮ ತಲೆಗೂದಲು ಸುಮಾರು ಎಪ್ಪತ್ತು. ಅದಿರಿನ ಲಾರಿಯ ಚಕ್ರದಿಂದ ಚಿಮ್ಮಿದ ಜಲ್ಲಿಚೂರು, ಎದುರಿನಿಂದ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಬರುವ ಬಾನೆಟ್ಟಿಗೆ ಬಡಿದಾಗ ಆ ಒಂದು ಮೈಕ್ರಾನ್ ಏನು ಮಾಡೀತು? ಏಟನ್ನು ನುಂಗುವ ವಸ್ತುವಿಗೆ ಮೈ ಬೇಕು, ಅದು ಬಾಗಿ ಹಿಗ್ಗಬೇಕು.

ಆ ಕೆಲಸಕ್ಕೆ ಇರುವುದು ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಎಂದು ಕರೆಯುವ, ಬಣ್ಣ ಕಾಯುವ ಫಿಲ್ಮ್. ಥರ್ಮೋಪ್ಲಾಸ್ಟಿಕ್ ಪಾಲಿಯುರೆಥೇನ್ ಎಂಬ ರಬ್ಬರಿನಂತೆ ಎಳೆಯಬಹುದಾದ ಪ್ಲಾಸ್ಟಿಕ್ಕಿನ ಪಾರದರ್ಶಕ ಹಾಳೆ. ದಪ್ಪ 150ರಿಂದ 200 ಮೈಕ್ರಾನ್. ಇದರ ಹುಟ್ಟು ವಿಯೆಟ್ನಾಂ ಯುದ್ಧದ ಕಾಲದ್ದು: ಮರಳು ಬಡಿದು ಹೆಲಿಕಾಪ್ಟರಿನ ತಿರುಗುರೆಕ್ಕೆಗಳ ಅಂಚು ಸವೆಯದಂತೆ ಅಂಟಿಸಲು ಅಮೆರಿಕದ 3ಎಂ ಕಂಪನಿ ಮಾಡಿದ ಪಟ್ಟಿ ಇದರ ಹಿರಿಯಜ್ಜ. ತಡೆಯಬೇಕಾಗಿದ್ದ ಶತ್ರು ಆಗಲೂ ಮರಳು, ಕಲ್ಲು.

ಫಿಲ್ಮ್ ಎಂಬುದಕ್ಕೆ ಕನ್ನಡದಲ್ಲಿ ‘ಚಿತ್ರ’ ಎಂದು ಬರೆದದ್ದನ್ನೂ ನೋಡಿದ್ದೇನೆ: ‘ಬಣ್ಣ ಸಂರಕ್ಷಣಾ ಚಿತ್ರ’! ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ತೆಳುಚರ್ಮ ಎಂಬ ಅರ್ಥ. ಸಿನಿಮಾ ಆಮೇಲೆ ಬಂದದ್ದು. ನಮ್ಮಲ್ಲಿ ಇದಕ್ಕೆ ಸರಿಸಾಟಿಯಾದ ಪದ ಸಿದ್ಧವಾಗಿಯೇ ಇದೆ: ಪೊರೆ. ಹಾವಿನ ಪೊರೆ, ಕಣ್ಣಿನ ಪೊರೆ ಎನ್ನುವಾಗಿನ ಪೊರೆ. ಕ್ರಿಯಾಪದವಾದಾಗ ಅದೇ ರೂಪಕ್ಕೆ ಕಾಪಾಡು, ಸಲಹು ಎಂಬ ಅರ್ಥವಿದೆ. ದೇವರಿಗೆ ‘ಪೊರೆ’ ಎಂದು ಮೊರೆಯಿಡುವಾಗಿನ ಮಾತು ಅದೇ. ಪೊರೆಯುವ ಪೊರೆ. ಇಷ್ಟು ಒಪ್ಪುವ ಪದ ಇಂಗ್ಲಿಷಿಗೂ ಸಿಕ್ಕಿಲ್ಲ. ಹಾವು ಕಳಚುವಂತೆ ಇದನ್ನೂ ಆಯುಷ್ಯ ಮುಗಿದ ಮೇಲೆ ಕಳಚಿ ಹಾಕಬಹುದು. ಸಿಲಿಕಾ ಲೇಪನ ಹಾಗೆ ಬಿಚ್ಚುವುದಿಲ್ಲ, ಪಾಲಿಶ್ ಹಾಕಿ ತೇಯ್ದೇ ತೆಗೆಯಬೇಕು. ಎರಡೂ ಬೇರೆ ಜಾತಿ ಎಂಬುದಕ್ಕೆ ಇದೊಂದೇ ಸಾಕು.

ಪೊರೆಯ ಬಗೆಗೂ ಒಂದು ಉತ್ಪ್ರೇಕ್ಷೆ ಓಡಾಡುತ್ತಿದೆ, ‘ಗಾಯ ತಾನೇ ಮಾಯುತ್ತದೆ’ ಎಂದು. ಮಾಯುವುದು ಮೇಲ್ಪದರದ ಕೂದಲೆಳೆ ಗೀರುಗಳು ಮಾತ್ರ. ಬಿಸಿಲಿಗೆ ಅಥವಾ ಬಿಸಿನೀರಿಗೆ ಆ ಪದರ ಸಡಿಲಗೊಂಡು ಹಿಂದಿನ ಆಕಾರಕ್ಕೆ ಮರಳುತ್ತದೆ. ಹರಿದ ಪೊರೆ ಹರಿದದ್ದೇ. ಇನ್ನು, ಫಿಲ್ಮ್ ಹಾಕಿಸಿದರೆ ಪೊಲೀಸರು ಹಿಡಿಯುವುದಿಲ್ಲವೇ ಎಂದು ಕೇಳುವವರಿಗೆ: 2012ರ ಸುಪ್ರೀಂ ಕೋರ್ಟ್ ಆದೇಶ ಕಿಟಕಿಯ ಗಾಜಿಗೆ ಅಂಟಿಸುವ ಕಪ್ಪು ಫಿಲ್ಮಿನ ಕುರಿತದ್ದು. ಬಾನೆಟ್ಟಿನ ಮೇಲಿನ ಪಾರದರ್ಶಕ ಪೊರೆಗೂ ಅದಕ್ಕೂ ಸಂಬಂಧವಿಲ್ಲ.

ಭಾವನ ಗಾಡಿಗೆ ಕೊನೆಗೆ ಮಾಡಿಸಿದ್ದು ಹೀಗೆ. ಚುಕ್ಕೆ ಎದ್ದ ಬಾನೆಟ್ಟಿಗೆ ಮತ್ತೆ ಬಣ್ಣ ಹೊಡೆಸಿ, ಅದು ಪೂರಾ ಆರುವವರೆಗೆ ಕೆಲವು ವಾರ ಕಾದೆವು. ಪೊರೆ ಅಂಟಿಸುವ ಮುನ್ನ ಅಂಗಡಿಯ ಹುಡುಗ ಬಣ್ಣಕ್ಕೆ ಕಚ್ಚಿದ್ದ ಅದಿರಿನ ಕಣಗಳನ್ನು ಜೇಡಿಯಂತೆ ಮಿದುವಾದ ಒಂದು ಉಂಡೆಯಿಂದ ಉಜ್ಜಿ ತೆಗೆದ. ಅದರ ಹೆಸರು ಕ್ಲೇ ಬಾರ್, ಆದರೆ ಅದೂ ಹೆಚ್ಚಾಗಿ ಕೃತಕ ರಾಳವೇ. ಆಮೇಲೆ ಬಾನೆಟ್ಟು, ಬಂಪರು, ಕನ್ನಡಿಗಳ ಬೆನ್ನು, ಬಾಗಿಲುಗಳ ಕೆಳಅಂಚು, ಹಿಂದಿನ ಚಕ್ರಗಳ ಮುಂದಿನ ಉಬ್ಬು, ಇಷ್ಟಕ್ಕೆ ಪೊರೆ. ಪಿಕಪ್ಪಿನಲ್ಲಿ ಈ ಕೊನೆಯ ಜಾಗವನ್ನು ಬಹಳ ಮಂದಿ ಮರೆಯುತ್ತಾರೆ. ಅದರ ಮುಂದಿನ ಚಕ್ರ ಎಸೆದ ಕಲ್ಲು ಬಡಿಯುವುದು ಅಲ್ಲಿಯೇ. ಉಳಿದ ಮೈಗೆ ಸಿಲಿಕಾ ಲೇಪನ, ಪೊರೆಯ ಮೇಲೂ ಅದೇ ಲೇಪನ, ಏಕೆಂದರೆ ಪೊರೆಗೂ ಕೆಂಧೂಳು ಹಿಡಿಯುತ್ತದೆ. ಸರಕು ಹೊರುವ ಹಿಂಬದಿಯ ನೆಲಕ್ಕೆ ಎರಡರಲ್ಲಿ ಯಾವುದೂ ಬೇಡ ಎಂದೆ. ಕಬ್ಬಿಣದ ಸಲಾಕೆ, ಸಿಮೆಂಟ್ ಚೀಲ ಎಳೆದಾಡುವ ಜಾಗಕ್ಕೆ ಪಾಲಿಯೂರಿಯಾ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ, ಮಿಲಿಮೀಟರ್ ಲೆಕ್ಕದ ಪದರ ಬೇಕು, ಇಲ್ಲವೇ ದಪ್ಪ ರಬ್ಬರಿನ ಹಾಸು. ಭಾವ ರಬ್ಬರ್ ಹಾಸಿದರು.