ಮಂಡಿಯ ಕೆಳಗಿನ ಶಸ್ತ್ರಚಿಕಿತ್ಸೆಗೆ ನರದ ಬ್ಲಾಕ್: ರೋಗಿಯನ್ನು ಹೇಗೆ ಮಲಗಿಸಬೇಕು

ನರದ ಬ್ಲಾಕ್ ಎಂದರೆ ನರದ ಸುತ್ತ ಔಷಧ ಬಿಟ್ಟು ಆ ಭಾಗವನ್ನು ಮರಗಟ್ಟಿಸುವುದು. ಮಂಡಿಯ ಕೆಳಗಿನ ಕಾಲಿನ ಸಂವೇದನೆ ಮುಖ್ಯವಾಗಿ ಎರಡು ನರಗಳಿಗೆ ಸೇರಿದ್ದು. ಸಯಾಟಿಕ್ ನರ ತನ್ನ ಟಿಬಿಯಲ್ ಮತ್ತು ಕಾಮನ್ ಪೆರೋನಿಯಲ್ ಕವಲುಗಳ ಮೂಲಕ ಬಹುಪಾಲು ಚರ್ಮವನ್ನೂ ಅಲ್ಲಿನ ಎಲ್ಲ ಸ್ನಾಯುಗಳನ್ನೂ ನೋಡಿಕೊಳ್ಳುತ್ತದೆ. ಒಳಬದಿಯಲ್ಲಿ ಮಂಡಿಯಿಂದ ಕಣಕಾಲಿನವರೆಗೆ ಇಳಿಯುವ ಚರ್ಮದ ಪಟ್ಟಿ ಮಾತ್ರ ಫೆಮೊರಲ್ ನರದ ಕವಲಾದ ಸಫೀನಸ್‌ನದು. ಮೊದಲನೆಯ ನರ ಸಿಗುವುದು ಮಂಡಿಯ ಹಿಂದೆ, ಎರಡನೆಯದು ತೊಡೆಯ ಮುಂದಿನ ಒಳಮಗ್ಗುಲಲ್ಲಿ. ಮಲಗಿಸುವ ತೊಡಕೆಲ್ಲ ಇಲ್ಲಿಂದಲೇ ಹುಟ್ಟುತ್ತದೆ: ಒಂದಕ್ಕೆ ಅನುಕೂಲವಾದ ಭಂಗಿ ಇನ್ನೊಂದಕ್ಕೆ ಅಡ್ಡಿ.

ಭಂಗಿ ಆರಿಸುವಾಗ ನರದ ಅಲ್ಟ್ರಾಸೌಂಡ್ ಚಿತ್ರ ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂಬ ಯೋಚನೆ ಆಮೇಲೆ ಬರಲಿ. ಈ ರೋಗಿ ಕಾಲು ಗಂಟೆ ಅಲುಗಾಡದೆ ಹೇಗೆ ಮಲಗಬಲ್ಲರು, ನಡುವೆ ಉಸಿರಾಟಕ್ಕೆ ತೊಂದರೆಯಾದರೆ ಅವರ ಬಾಯಿ, ಗಂಟಲು ಎಷ್ಟು ಬೇಗ ನಮ್ಮ ಕೈಗೆ ಸಿಗುತ್ತದೆ ಎನ್ನುವುದನ್ನು ಮೊದಲು ನೋಡಬೇಕು. ಮೂಳೆ ಮುರಿದವರು, ತೂಕ ಹೆಚ್ಚಿರುವವರು, ಗರ್ಭಿಣಿಯರು, ಬೆನ್ನುನೋವಿನವರು ಈ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಡುತ್ತಾರೆ.

ಬೋರಲು

ಕಲಿಯುವವರಿಗೆ ಚಿತ್ರ ಅತಿ ಸುಲಭವಾಗಿ ಸಿಗುವುದು ಬೋರಲು ಮಲಗಿಸಿದಾಗ. ಮಂಡಿಯ ಹಿಂಭಾಗ ಪೂರ್ತಿ ತೆರೆದಿರುತ್ತದೆ, ಪ್ರೋಬ್ (ಚರ್ಮದ ಮೇಲಿಟ್ಟು ಅಲ್ಟ್ರಾಸೌಂಡ್ ಚಿತ್ರ ತೆಗೆಯುವ ಹಿಡಿಕೆ) ಮೇಲಿನಿಂದ ಕೂರುತ್ತದೆ, ಸೂಜಿಗೆ ಎಲ್ಲ ದಿಕ್ಕಿನಲ್ಲೂ ಜಾಗವಿರುತ್ತದೆ. ಎದೆ ಮತ್ತು ಸೊಂಟದ ಕೆಳಗೆ ದಿಂಬು ಕೊಟ್ಟು ಹೊಟ್ಟೆಯನ್ನು ಸಡಿಲ ಬಿಡಿ. ಕಣಕಾಲಿನ ಕೆಳಗೆ ಒಂದು ಸುರುಳಿ ಇಡಿ, ಇಲ್ಲವೇ ಪಾದಗಳು ಮಂಚದ ಅಂಚಿನಾಚೆ ಇಳಿಬೀಳಲಿ. ಇದರಿಂದ ಮಂಡಿ ತುಸು ಮಡಿಚಿ ಹಿಂದೊಡೆಯ ಸ್ನಾಯುಗಳು ಸಡಿಲವಾಗುತ್ತವೆ. ಪಾದ ಸ್ವತಂತ್ರವಾಗಿ ಆಡುವುದರಿಂದ ಇನ್ನೊಂದು ಉಪಯೋಗವೂ ಇದೆ. ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸಲು ಹೇಳಿದರೆ ಟಿಬಿಯಲ್ ಮತ್ತು ಪೆರೋನಿಯಲ್ ಭಾಗಗಳು ಪರದೆಯಲ್ಲಿ ಏತದಂತೆ ಒಂದು ಏರಿ ಇನ್ನೊಂದು ಇಳಿಯುತ್ತವೆ. ಕೊಬ್ಬಿನ ನಡುವೆ ನರ ಯಾವುದು ಎಂದು ಗೊಂದಲವಾದಾಗ ಇದಕ್ಕಿಂತ ನಂಬಿಕಸ್ಥ ಗುರುತು ಇಲ್ಲ. ಪಾದದ ಮೇಲ್ಭಾಗ ಹಾಸಿಗೆಗೆ ಒತ್ತಿಕೊಂಡಿದ್ದರೆ ಈ ಚಲನೆ ಕಾಣುವುದೇ ಇಲ್ಲ.

ಈ ಭಂಗಿಯ ದೋಷ ಉಸಿರಾಟದ ದಾರಿ. ನಿದ್ರೆ ಬರಿಸುವ ಔಷಧ ಸ್ವಲ್ಪ ಹೆಚ್ಚಾದರೂ ಮುಖ ಕೆಳಗಿರುವ ರೋಗಿಯನ್ನು ಸಂಭಾಳಿಸುವುದು ಕಷ್ಟ. ತಕ್ಷಣ ಅಂಗಾತ ತಿರುಗಿಸಲು ಬೇಕಾದಷ್ಟು ಕೈಗಳಿಲ್ಲದ ಕಡೆ ಬೋರಲು ಭಂಗಿಯನ್ನು ಬಳಸಬಾರದು ಎಂಬುದು ನನ್ನ ಅಭಿಪ್ರಾಯ.

ಮಗ್ಗುಲು

ಬ್ಲಾಕ್ ಆಗಬೇಕಾದ ಕಾಲು ಮೇಲಿರಲಿ. ಕೆಳಗಿನ ಕಾಲನ್ನು ಸೊಂಟ, ಮಂಡಿಗಳಲ್ಲಿ ಮಡಿಚಿದರೆ ದೇಹ ಉರುಳುವುದಿಲ್ಲ. ಮೇಲಿನ ಕಾಲು ಬಹುತೇಕ ನೇರವಾಗಿರಲಿ, ಎರಡೂ ಕಾಲುಗಳ ನಡುವೆ ಮಂಡಿಯಿಂದ ಕಣಕಾಲಿನವರೆಗೆ ದಿಂಬು ಇರಲಿ. ನೀವು ರೋಗಿಯ ಬೆನ್ನ ಹಿಂದೆ ನಿಲ್ಲಿ, ಯಂತ್ರ ಅವರ ಮುಂದುಗಡೆ ನಿಮಗೆ ಎದುರಾಗಿರಲಿ. ಸೂಜಿ ತೊಡೆಯ ಹೊರಬದಿಯಿಂದ, ಅಂದರೆ ಈಗ ಚಾವಣಿ ನೋಡುತ್ತಿರುವ ಬದಿಯಿಂದ ಇಳಿಯುವುದರಿಂದ ಕೈಗೆ ಹಾಸಿಗೆ ತಾಗುವುದಿಲ್ಲ. ತೂಕ ಹೆಚ್ಚಿರುವವರಿಗೂ ಗರ್ಭಿಣಿಯರಿಗೂ ಇದು ಒಳ್ಳೆಯ ರಾಜಿ. ದಿಂಬು ತೆಳ್ಳಗಿದ್ದರೆ ಮಾತ್ರ ಮೇಲಿನ ಕಾಲು ಮುಂದಕ್ಕೆ ವಾಲಿ ತೊಡೆ ಒಳಮುಖವಾಗಿ ತಿರುಚಿಕೊಳ್ಳುತ್ತದೆ. ಆಗ ಹೊರಬದಿಯ ಬೈಸೆಪ್ಸ್ ಫೆಮೊರಿಸ್ ಸ್ನಾಯು ನಿರೀಕ್ಷಿಸಿದ ಜಾಗದಲ್ಲಿ ಇರುವುದಿಲ್ಲ.

ಅಂಗಾತ, ಕಾಲು ಎತ್ತಿ

ಎರಡೂ ಬ್ಲಾಕ್‌ಗಳನ್ನು ರೋಗಿಯನ್ನು ತಿರುಗಿಸದೆ ಮುಗಿಸಬಹುದಾದದ್ದು ಇದೊಂದರಲ್ಲೇ. ಟಿಬಿಯಾ (ಮಂಡಿಯ ಕೆಳಗಿನ ದಪ್ಪ ಮೂಳೆ) ಅಥವಾ ಕಣಕಾಲು ಮುರಿದವರಿಗೆ ಮೊದಲ ಆಯ್ಕೆ ಇದೇ ಆಗಬೇಕು. ಕೈ ಮತ್ತು ಕಣ್ಣಿನ ಹೊಂದಾಣಿಕೆ ತಪ್ಪುವುದೂ ಇಲ್ಲಿಯೇ ಹೆಚ್ಚು, ಆದ್ದರಿಂದ ನಿಧಾನವಾಗಿ ನೋಡೋಣ.

ಮೀನಖಂಡದ ಕೆಳಭಾಗಕ್ಕೆ ಗಟ್ಟಿಯಾದ ಆಧಾರ ಕೊಟ್ಟು, ಮಂಡಿ ಸುಮಾರು 30 ಡಿಗ್ರಿ ಮಡಿಚುವಂತೆ ಕಾಲನ್ನು ಎತ್ತಿ. ತೊಡೆಗೂ ಹಾಸಿಗೆಗೂ ನಡುವೆ ಪ್ರೋಬ್‌ನ ಉದ್ದ, ಅದನ್ನು ಹಿಡಿದ ಕೈ, ಕೇಬಲ್‌ನ ತಿರುವು ಇವಿಷ್ಟೂ ಹಿಡಿಯಬೇಕು, ಅಂದರೆ ಕಡಿಮೆಯೆಂದರೂ ಒಂದು ಗೇಣು. ಬರೀ ಹಿಮ್ಮಡಿಗೆ ಆಧಾರ ಕೊಟ್ಟರೆ ಮಂಡಿ ಹಿಂದಕ್ಕೆ ಬಾಗಿ ನೋವಾಗುತ್ತದೆ, ಹಿಂಭಾಗದ ಚರ್ಮ ಬಿಗಿದು ಪ್ರೋಬ್ ಸರಿಯಾಗಿ ಕೂರುವುದಿಲ್ಲ. ಆಧಾರವನ್ನು ತೀರಾ ಮೇಲೆ ಇಟ್ಟರೆ ಹೊರಬದಿಯ ತೆಳು ಮೂಳೆಯಾದ ಫಿಬುಲಾದ ಕುತ್ತಿಗೆಯ ಬಳಿ ಚರ್ಮದಡಿಯೇ ಹಾಯುವ ಪೆರೋನಿಯಲ್ ನರ ಒತ್ತಿಹೋಗುತ್ತದೆ. ಕಾಲು ಹೊರಕ್ಕೆ ವಾಲದಂತೆ ಸಹಾಯಕರು ಪಾದ ಹಿಡಿದಿರಲಿ, ಬೆರಳುಗಳು ಚಾವಣಿ ನೋಡುತ್ತಿರಲಿ. ಮೂಳೆ ಮುರಿದಿದ್ದರೆ ಎತ್ತುವ ಮೊದಲೇ ನೋವಿನ ಔಷಧ ಕೊಟ್ಟು, ಮುರಿದ ಜಾಗದ ಮೇಲೂ ಕೆಳಗೂ ಕೈ ಕೊಟ್ಟು ಇಬ್ಬರು ಒಟ್ಟಿಗೆ ಎತ್ತಬೇಕು.

ಮಂಚವನ್ನು ನಿಮ್ಮ ಮೊಣಕೈ ಮಟ್ಟಕ್ಕೆ ಏರಿಸಿ, ಬ್ಲಾಕ್ ಆಗುವ ಕಾಲಿನ ಬದಿಗೆ ನಿಂತು, ಪರದೆಯನ್ನು ಎದುರು ಬದಿಯಲ್ಲಿಡಿ. ಪ್ರೋಬ್ ಈಗ ತೊಡೆಯ ಕೆಳಗಿನಿಂದ ಮೇಲ್ಮುಖವಾಗಿದೆ. ಪರದೆಯಲ್ಲಿ ಮಾತ್ರ ಎಂದಿನಂತೆ ಹಿಂಭಾಗದ ಚರ್ಮ ಮೇಲೆ, ನರ ಅದರ ಕೆಳಗೆ, ಅಪಧಮನಿ ಇನ್ನೂ ಕೆಳಗೆ ಕಾಣುತ್ತವೆ. ಅಂದರೆ ಪರದೆ ತಲೆಕೆಳಗು: ಸೂಜಿಯ ತುದಿ ಚಿತ್ರದಲ್ಲಿ ಆಳಕ್ಕೆ ಹೋಗಬೇಕಾದರೆ ಕಾಲಿನಲ್ಲಿ ಅದು ಚಾವಣಿಯತ್ತ ಏರಬೇಕು, ಹಾಗೆ ಏರಲು ಸೂಜಿಯ ಬುಡ ಹಿಡಿದ ಕೈ ಕೆಳಗಿಳಿಯಬೇಕು. ಯಂತ್ರದಲ್ಲಿ ಚಿತ್ರವನ್ನು ಮೇಲೆ-ಕೆಳಗೆ ತಿರುಗಿಸುವ ಸೌಲಭ್ಯವಿದ್ದರೆ ಹೊಸಬರು ಸಂಕೋಚವಿಲ್ಲದೆ ಬಳಸಿ. ಇಲ್ಲದಿದ್ದರೆ ಸೂಜಿ ಚುಚ್ಚುವ ಮೊದಲು ತೊಡೆಯ ಹೊರಬದಿಯನ್ನು ಬೆರಳಿನಿಂದ ಒತ್ತಿ, ಪರದೆಯ ಯಾವ ಬದಿ ಅಲುಗಿತು ಎಂದು ನೋಡಿಕೊಳ್ಳಿ.

ನರ ಹುಡುಕುವ ಕ್ರಮ ಎಲ್ಲ ಭಂಗಿಗಳಲ್ಲೂ ಒಂದೇ. ಲೀನಿಯರ್ ಪ್ರೋಬನ್ನು ಮಂಡಿಯ ಹಿಂದಿನ ಮಡಿಕೆಯ ಮೇಲೆ ಅಡ್ಡವಾಗಿಟ್ಟು ಪಾಪ್ಲಿಟಿಯಲ್ ಅಪಧಮನಿ ಗುರುತಿಸಿ. ಅದಕ್ಕಿಂತ ಚರ್ಮದ ಹತ್ತಿರ, ತುಸು ಹೊರಬದಿಗೆ ಟಿಬಿಯಲ್ ನರವಿರುತ್ತದೆ. ಪ್ರೋಬನ್ನು ಮೇಲಕ್ಕೆ ಸರಿಸುತ್ತ ಹೋದಂತೆ ಹೊರಗಿನಿಂದ ಪೆರೋನಿಯಲ್ ಬಂದು ಸೇರುತ್ತದೆ. ಸಾಮಾನ್ಯವಾಗಿ ಇದು ಮಡಿಕೆಯಿಂದ 5–10 ಸೆಂ.ಮೀ. ಮೇಲೆ, ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ವ್ಯತ್ಯಾಸವಿದೆ. ನರ ಕೆಳಗೆ ಬಂದಂತೆ ಚರ್ಮಕ್ಕೆ ಹತ್ತಿರವಾಗುವುದರಿಂದ ಅಲ್ಟ್ರಾಸೌಂಡ್ ಕಿರಣ ಸ್ವಲ್ಪ ಪಾದದ ಕಡೆಗೆ ನೋಡುವಂತೆ ಪ್ರೋಬ್ ವಾಲಿಸಿದರೆ ಮಸುಕಾಗಿದ್ದ ನರ ಫಕ್ಕನೆ ಹೊಳೆಯುತ್ತದೆ. ಕವಲೊಡೆಯುವ ಜಾಗದಲ್ಲಿ, ಎರಡನ್ನೂ ಸುತ್ತಿರುವ ಹೊದಿಕೆಯ ಒಳಗೆ ಆದರೆ ನರಗಳ ಹೊರಗೆ ಔಷಧ ಬೀಳಬೇಕು.

ಸೂಜಿ ಎಲ್ಲಿಂದ ಹೋಗಬೇಕು ಎಂಬುದನ್ನು ಆಳವೇ ಹೇಳುತ್ತದೆ. ಪರದೆಯಲ್ಲಿ ನರ 3 ಸೆಂ.ಮೀ. ಆಳದಲ್ಲಿದ್ದರೆ ತೊಡೆಯ ಹೊರಬದಿಯಲ್ಲಿ ಪ್ರೋಬ್‌ನ ಮುಖಕ್ಕಿಂತ ಸುಮಾರು 3 ಸೆಂ.ಮೀ. ಮೇಲೆ, ಬೈಸೆಪ್ಸ್ ಮತ್ತು ವಾಸ್ಟಸ್ ಲ್ಯಾಟರಾಲಿಸ್ ಸ್ನಾಯುಗಳ ನಡುವಿನ ತಗ್ಗಿನ ಬಳಿ, ಪ್ರೋಬ್‌ನ ಮುಖಕ್ಕೆ ಸಮಾನಾಂತರವಾಗಿ 80–100 ಮಿ.ಮೀ. ಸೂಜಿ ಹಾಕಿ. ಹೀಗೆ ಮಾಡಿದರೆ ಸೂಜಿ ಪೂರ್ತಿ ಉದ್ದ ಕಾಣುತ್ತದೆ. ಪ್ರೋಬ್‌ನ ಅಂಚಿಗೇ ಚುಚ್ಚಿದರೆ ಕೋನ ಕಡಿದಾಗಿ ತುದಿ ಕಳೆದುಹೋಗುತ್ತದೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಕಾಲು ಎತ್ತಿದಾಗ ಅಭಿಧಮನಿಗಳು ಬರಿದಾಗುತ್ತವೆ, ಅದರ ಮೇಲೆ ಪ್ರೋಬ್‌ನ ಒತ್ತಡವೂ ಸೇರಿದರೆ ಪಾಪ್ಲಿಟಿಯಲ್ ಅಭಿಧಮನಿ ಪರದೆಯಿಂದ ಮಾಯವಾಗುತ್ತದೆ. ಕಾಣದ ರಕ್ತನಾಳಕ್ಕೇ ಸೂಜಿ ಹೋಗುವ ಅಪಾಯ ಇರುವುದು. ಒತ್ತಡ ಸಡಿಲಿಸಿ ಡಾಪ್ಲರ್ (ರಕ್ತದ ಹರಿವು ತೋರಿಸುವ ಸೌಲಭ್ಯ) ಹಾಕಿ ನೋಡಿ, ಪ್ರತಿ 5 ಮಿ.ಲೀ.ಗೆ ಸಿರಿಂಜನ್ನು ಹಿಂದಕ್ಕೆಳೆದು ರಕ್ತ ಬರುತ್ತದೆಯೇ ಎಂದು ಪರೀಕ್ಷಿಸಿ. ಔಷಧ ಬಿಟ್ಟಾಗ ಪರದೆಯಲ್ಲಿ ಕಪ್ಪು ಹರವು ಕಾಣದಿದ್ದರೆ ಅಲ್ಲೇ ನಿಲ್ಲಿಸಿ.

ಸಫೀನಸ್

ರೋಗಿ ಅಂಗಾತವಿದ್ದು, ತೊಡೆ ಹೊರಕ್ಕೆ ತಿರುಗಿ, ಮಂಡಿ ತುಸು ಮಡಿಚಿದ್ದರೆ ಸಾಕು. ತೊಡೆಯ ನಡುಮಟ್ಟದ ಒಳಬದಿಯಲ್ಲಿ ಸಾರ್ಟೋರಿಯಸ್ ಸ್ನಾಯುವಿನ ಕೆಳಗೆ ಫೆಮೊರಲ್ ಅಪಧಮನಿ ಕಾಣುತ್ತದೆ, ನರ ಅದರ ಹೊರಬದಿಗೆ ಅಂಟಿಕೊಂಡಿರುತ್ತದೆ. 5–10 ಮಿ.ಲೀ. ಸಾಕಾಗುತ್ತದೆ. ಸಯಾಟಿಕ್ ಬ್ಲಾಕನ್ನು ಮಗ್ಗುಲಿಗೋ ಬೋರಲಿಗೋ ತಿರುಗಿಸಿ ಮಾಡುವವರು ಇದನ್ನು ಮೊದಲು ಮುಗಿಸಿಕೊಂಡರೆ ತಿರುಗಿಸುವ ಕೆಲಸ ಒಂದು ಸಲಕ್ಕೆ ಮುಗಿಯುತ್ತದೆ.

ಬದಿ, ಪ್ರಮಾಣ, ಆಮೇಲೆ

ತಪ್ಪು ಕಾಲಿಗೆ ಬ್ಲಾಕ್ ಆಗುವ ಸಾಧ್ಯತೆ ಹೆಚ್ಚುವುದು ರೋಗಿಯನ್ನು ತಿರುಗಿಸಿದ ಮೇಲೆ. ಶಸ್ತ್ರಚಿಕಿತ್ಸಕರ ಗುರುತು ಕಾಲಿನ ಮುಂಭಾಗದಲ್ಲಿರುತ್ತದೆ, ಬೋರಲು ಮಲಗಿದೊಡನೆ ಅದು ಅಡಗಿಹೋಗುತ್ತದೆ. ಎಡ-ಬಲವೂ ನಿಂತವರ ಕಣ್ಣಿಗೆ ಅದಲುಬದಲು. ತಿರುಗಿಸುವ ಮುನ್ನ ಮಂಡಿಯ ಹಿಂಭಾಗಕ್ಕೂ ಗುರುತು ಹಾಕಿ. ಸೂಜಿ ಚರ್ಮಕ್ಕೆ ತಾಗುವ ಮುನ್ನಿನ ಕ್ಷಣದಲ್ಲಿ ನಿಂತು, ಗುರುತು ಮತ್ತು ಒಪ್ಪಿಗೆ ಪತ್ರವನ್ನು ಸಹಾಯಕರ ಜೊತೆ ಗಟ್ಟಿಯಾಗಿ ಓದಿ ತಾಳೆ ನೋಡಿ.

ಎರಡೂ ಬ್ಲಾಕ್‌ಗಳ ಔಷಧವನ್ನು ಒಟ್ಟಿಗೆ ಲೆಕ್ಕ ಹಾಕಬೇಕು. ಮರಗಟ್ಟಿಸುವ ಔಷಧವಾದ ರೋಪಿವಕೇನ್‌ಗೆ ಗರಿಷ್ಠ ಮಿತಿ ಪ್ರತಿ ಕೆ.ಜಿ.ಗೆ 3 ಮಿ.ಗ್ರಾಂ ಎಂದಿಟ್ಟುಕೊಂಡರೆ 60 ಕೆ.ಜಿ. ರೋಗಿಗೆ 180 ಮಿ.ಗ್ರಾಂ. 0.5% ದ್ರಾವಣದ ಒಂದು ಮಿ.ಲೀ.ನಲ್ಲಿ 5 ಮಿ.ಗ್ರಾಂ ಇರುತ್ತದೆ. ಸಯಾಟಿಕ್‌ಗೆ 20, ಸಫೀನಸ್‌ಗೆ 10 ಮಿ.ಲೀ. ಕೊಟ್ಟರೆ 150 ಮಿ.ಗ್ರಾಂ, ಮಿತಿಯೊಳಗೇ ಇದೆ. ಬುಪಿವಕೇನ್ ಆದರೆ ಪ್ರತಿ ಕೆ.ಜಿ.ಗೆ 2 ಮಿ.ಗ್ರಾಂ ಲೆಕ್ಕದಲ್ಲಿ 120 ಮಿ.ಗ್ರಾಂ ಮಾತ್ರ, ಅದೇ 30 ಮಿ.ಲೀ. ಆಗ ಮಿತಿ ಮೀರುತ್ತದೆ. ಈ ಔಷಧಗಳು ವಿಷವಾಗಿ ಪರಿಣಮಿಸಿದರೆ ಕೊಡಬೇಕಾದ 20% ಲಿಪಿಡ್ ಎಮಲ್ಷನ್ ಕೈಯಳತೆಯಲ್ಲಿರಲಿ.

ಬ್ಲಾಕ್ ಹಿಡಿಯಲು 15–30 ನಿಮಿಷ ಬೇಕು. ತೊಡೆಗೆ ಟೂರ್ನಿಕೆಟ್ (ರಕ್ತದ ಹರಿವು ತಡೆಯುವ ಪಟ್ಟಿ) ಕಟ್ಟುವುದಾದರೆ ಅದರ ನೋವನ್ನು ಈ ಎರಡು ಬ್ಲಾಕ್‌ಗಳು ತಡೆಯುವುದಿಲ್ಲ. ಸ್ಪೈನಲ್ ಅಥವಾ ಪೂರ್ಣ ಅರಿವಳಿಕೆ ಜೊತೆಗಿರಬೇಕಾಗುತ್ತದೆ. ಟಿಬಿಯಾ ಮುರಿತದಲ್ಲಿ ಕಂಪಾರ್ಟ್‌ಮೆಂಟ್ ಸಿಂಡ್ರೋಮ್‌ನ (ಊತದಿಂದ ಸ್ನಾಯುಗಳ ಒಳಗಿನ ಒತ್ತಡ ಏರಿ ರಕ್ತಸಂಚಾರ ತಡೆಯುವ ಸ್ಥಿತಿ) ಸಂಶಯವಿದ್ದರೆ ದಟ್ಟವಾದ ಬ್ಲಾಕ್ ಅದರ ನೋವನ್ನು ಮರೆಮಾಚಬಹುದು. ಹಾಗಾಗಿ ಶಸ್ತ್ರಚಿಕಿತ್ಸಕರೊಡನೆ ಮೊದಲೇ ಮಾತಾಡಿ. ಮರಗಟ್ಟಿದ ಕಾಲು ಒತ್ತಡವನ್ನು ತಿಳಿಸುವುದಿಲ್ಲ. ಬ್ಲಾಕ್‌ಗೆಂದು ಇಟ್ಟ ಆಧಾರವನ್ನು ತಕ್ಷಣ ತೆಗೆದು, ಹಿಮ್ಮಡಿಯನ್ನೂ ಫಿಬುಲಾದ ಕುತ್ತಿಗೆಯನ್ನೂ ಮೆತ್ತೆಯ ಮೇಲಿಟ್ಟು, ಪಾದದ ಬಲ ಮರಳುವವರೆಗೆ ಆಸರೆಯಿಲ್ಲದೆ ನಿಲ್ಲಬಾರದೆಂದು ರೋಗಿಗೂ ವಾರ್ಡಿನವರಿಗೂ ಬರೆದುಕೊಡಿ.